ಮಿದುಳಿನಲ್ಲಿ ತುಟಿಯ ಜಾಗ ಹುಡುಕುವ ಕೆಲಸ

ಯಾರಾದರೂ ‘ಪ’ ಅಂದರೆ ಅದನ್ನು ಕೇಳಿಸಿಕೊಳ್ಳಲು ಕಿವಿ ಬೇಕು. ತುಟಿಯೂ ಬೇಕಾ? ತಮಾಷೆಯ ಪ್ರಶ್ನೆ ಅನ್ನಿಸಬಹುದು. ಆದರೆ ಮಿದುಳಿನಲ್ಲಿ ತುಟಿಯನ್ನು ಆಡಿಸುವುದಕ್ಕೇ ಒಂದು ಜಾಗ ಇದೆ. ನಾವು ಬಾಯಿ ಮುಚ್ಚಿಕೊಂಡು ಬೇರೆಯವರ ಮಾತು ಕೇಳುವಾಗಲೂ ಆ ಜಾಗ ಸುಮ್ಮನಿರುವುದಿಲ್ಲ. ಅದು ಮಾತನ್ನು ಗುರುತಿಸಲು ನೆರವಾಗುತ್ತಿದೆಯಾ, ಇಲ್ಲ ಸುಮ್ನೆ ಜೊತೆಗೆ ಗುನುಗುತ್ತಿದೆಯಾ? ಇಂಗ್ಲೆಂಡಿನ ಒಂದು ಲ್ಯಾಬ್‌ನಲ್ಲಿ ಕೆಲವು ವರ್ಷ ನಾನು ಈ ಪ್ರಶ್ನೆಯ ಬೆನ್ನು ಹತ್ತಿದ್ದೆ. ಆ ಕೆಲಸವನ್ನು ದಿನದಿನಕ್ಕೆ ಹೇಗೆ ಮಾಡುತ್ತಿದ್ದೆವು ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ನಮ್ಮ ಕೈಯಲ್ಲಿದ್ದ ಉಪಕರಣ ಎರಡು. ಒಂದು ಎಂಆರ್‌ಐ ಸ್ಕ್ಯಾನರ್. ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯುತ್ತದೆ. ಆ ವ್ಯತ್ಯಾಸ ಚಿತ್ರದಲ್ಲಿ ಸಿಗುತ್ತದೆ ಎಂದು 1990ರಲ್ಲಿ ಸೇಯ್ಜಿ ಒಗಾವಾ ತೋರಿಸಿದರು. ಇನ್ನೊಂದು ಟಿಎಂಎಸ್, ಅಂದರೆ ಹೊರಗಿನಿಂದಲೇ ಕಾಂತಶಕ್ತಿಯಿಂದ ಮಿದುಳನ್ನು ತಟ್ಟುವ ಉಪಕರಣ. ತಲೆಯ ಮೇಲೆ ಎಂಟರ ಆಕಾರದ ಕಾಯಿಲ್ (ತಂತಿಯ ಸುರುಳಿ) ಇಟ್ಟು, ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ಅದರಲ್ಲಿ ಭಾರಿ ಕರೆಂಟ್ ಹರಿಸುವುದು. ಅದರಿಂದ ಹುಟ್ಟುವ ಕಾಂತಕ್ಷೇತ್ರ ತಲೆಬುರುಡೆಯನ್ನು ದಾಟಿ ಒಳಗಿನ ನರಕೋಶಗಳಲ್ಲಿ ಸಣ್ಣ ಕರೆಂಟ್ ಎಬ್ಬಿಸುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವೇ ಇದು. ಮಿದುಳಿನ ಮೇಲೆ ಅದನ್ನು ಮೊದಲು ಮಾಡಿ ತೋರಿಸಿದ್ದು 1985ರಲ್ಲಿ ಶೆಫೀಲ್ಡ್‌ನ ಆಂಥನಿ ಬಾರ್ಕರ್ ಮತ್ತು ಜೊತೆಗಾರರು. ಅದಕ್ಕೆ ಐದು ವರ್ಷ ಮುಂಚೆ ಮರ್ಟನ್ ಮತ್ತು ಮಾರ್ಟನ್ ಎಂಬಿಬ್ಬರು ನೆತ್ತಿಯ ಮೇಲಿಂದ ನೇರವಾಗಿ ಕರೆಂಟ್ ಕೊಟ್ಟು ಕೈ ಅಲುಗಾಡಿಸಿದ್ದರು. ಅದು ಕೆಲಸ ಮಾಡುತ್ತಿತ್ತು, ಆದರೆ ನೋವು ಜಾಸ್ತಿ. ಟಿಎಂಎಸ್‌ನಲ್ಲಿ ಆ ನೋವಿಲ್ಲ. ಬೆರಳಿನಿಂದ ತಲೆಗೆ ತಟ್ಟಿದ ಹಾಗೆ ಅನ್ನಿಸುತ್ತದೆ, ಅಷ್ಟೆ.

ಎರಡೂ ಯಾಕೆ ಬೇಕು? ಸ್ಕ್ಯಾನರ್ ಒಂದು ಜಾಗ ಕೆಲಸ ಮಾಡುತ್ತಿದೆ ಅಂತ ಹೇಳುತ್ತದೆ. ಆ ಜಾಗ ಇಲ್ಲದಿದ್ದರೆ ಕೆಲಸ ಕೆಡುತ್ತಾ ಅಂತ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಆ ಜಾಗವನ್ನು ಸ್ವಲ್ಪ ಹೊತ್ತು ಕೆಣಕಿ ನೋಡಬೇಕು.

ಯಾವ ಅಕ್ಷರಗಳನ್ನು ಕೇಳಿಸಬೇಕು ಅನ್ನುವ ಹೊತ್ತಿಗೆ ಕನ್ನಡ ಶಾಲೆಯಲ್ಲಿ ಓದಿದ್ದು ನನಗೆ ಅನುಕೂಲವಾಯಿತು. ಇಂಗ್ಲಿಷ್ ಸಹಪಾಠಿಗಳು ಯಾವ ಧ್ವನಿ ಬಾಯಿಯ ಯಾವ ಭಾಗದಲ್ಲಿ ಹುಟ್ಟುತ್ತದೆ ಎಂದು ಪಟ್ಟಿ ಮಾಡಿಕೊಂಡು ಕಲಿಯುತ್ತಿದ್ದರು. ನಮಗೆ ಒಂದನೇ ಕ್ಲಾಸಿನಲ್ಲೇ ಅದನ್ನು ಬಾಯಿಪಾಠ ಮಾಡಿಸಿರುತ್ತಾರೆ, ಅಲ್ವಾ? ಕ ವರ್ಗ ಬಾಯಿಯ ಹಿಂದೆ, ಚ ಅದಕ್ಕಿಂತ ಮುಂದೆ, ಟ ನಾಲಿಗೆ ಮಡಚಿ, ತ ಹಲ್ಲಿನ ಹತ್ತಿರ, ಪ ತುಟಿಯಲ್ಲಿ. ವರ್ಣಮಾಲೆಯನ್ನು ಗಂಟಲಿನಿಂದ ತುಟಿಯವರೆಗೆ ಸಾಲಾಗಿ ಜೋಡಿಸಿಟ್ಟಿದ್ದಾರೆ. ನಮಗೆ ಬೇಕಿದ್ದದ್ದು ತುಟಿಯ ಧ್ವನಿಗಳು, ಅವುಗಳಿಗೆ ಹೋಲಿಕೆಗಾಗಿ ತುಟಿಗೆ ಸಂಬಂಧವೇ ಇಲ್ಲದ ಧ್ವನಿಗಳು.

ಮೊದಲು ಸ್ಕ್ಯಾನ್. ಒಳಗೆ ಹೋಗುವ ಮುಂಚೆ ಲೋಹದ ವಿಚಾರಣೆ. ಪೇಸ್‌ಮೇಕರ್, ಕಿವಿಯಲ್ಲಿ ಕೂರಿಸಿದ ಇಂಪ್ಲಾಂಟ್, ಕಣ್ಣಿಗೆ ಹೊಕ್ಕ ಕಬ್ಬಿಣದ ಚೂರು ಎಲ್ಲವನ್ನೂ ಕೇಳುತ್ತೇವೆ. ವೆಲ್ಡಿಂಗ್ ಕೆಲಸ ಮಾಡಿದ್ದೀರಾ ಎಂದು ಕೇಳಿದರೆ ಕೆಲವರು ನಗುತ್ತಾರೆ. ಆದರೆ ಕಣ್ಣಿನೊಳಗೆ ಚೂರಿದ್ದರೆ ಅಷ್ಟು ದೊಡ್ಡ ಆಯಸ್ಕಾಂತದ ಹತ್ತಿರ ಅದು ಕದಲುತ್ತದೆ. ನಮ್ಮ ಕಡೆಯ ಹೆಣ್ಣುಮಕ್ಕಳು ಬಂದರೆ ಓಲೆ, ಬಳೆಯ ಜೊತೆ ಕಾಲುಂಗುರವನ್ನೂ ನೆನಪಿಸಬೇಕು. ತಾಳಿಯನ್ನು ತೆಗೆಯುವುದು ಕೆಲವರಿಗೆ ಇಷ್ಟವಿರುವುದಿಲ್ಲ. ಅದನ್ನು ಸ್ಕ್ಯಾನರ್ ಬಾಗಿಲಲ್ಲಿ ಹೇಳುವುದಕ್ಕಿಂತ ಫೋನಿನಲ್ಲೇ ಮುಂಚೆ ಹೇಳಿಬಿಡುವುದು ಮರ್ಯಾದೆ.

ಮಾತಿನ ಪ್ರಯೋಗಕ್ಕೆ ಸ್ಕ್ಯಾನರ್ ಒಳ್ಳೆಯ ಜಾಗವಲ್ಲ. ವಿಪರೀತ ಸದ್ದು. ಒಳಗಿರುವವರು ಮಾತಾಡಿದರೆ ದವಡೆ ಅಲುಗುತ್ತದೆ, ದವಡೆಯ ಜೊತೆ ತಲೆಯೂ ಅಲುಗುತ್ತದೆ. ಎರಡು ಮೂರು ಮಿಲಿಮೀಟರ್ ಅಲುಗಿದರೂ ಚಿತ್ರ ಕೆಟ್ಟಿತು. ಇದಕ್ಕೆ ಒಂದು ಜಾಣ ಉಪಾಯ ಇದೆ. ಮಿದುಳು ಕೆಲಸ ಮಾಡಿದ ತಕ್ಷಣ ರಕ್ತ ಏರುವುದಿಲ್ಲ, ಐದಾರು ಸೆಕೆಂಡ್ ಕಳೆದ ಮೇಲೆ ತುದಿ ಮುಟ್ಟುತ್ತದೆ. ಹಾಗಾಗಿ ಸ್ಕ್ಯಾನರನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಆ ನಿಶ್ಶಬ್ದದಲ್ಲಿ ಧ್ವನಿ ಕೇಳಿಸುತ್ತೇವೆ ಅಥವಾ ಮಾತಾಡಿಸುತ್ತೇವೆ. ಆಮೇಲೆ ರಕ್ತ ಏರಿದ ಹೊತ್ತಿಗೆ ಸರಿಯಾಗಿ ಒಂದು ಚಿತ್ರ ತೆಗೆಯುತ್ತೇವೆ. ದೇಹದ ನಿಧಾನವೇ ನಮಗೆ ಉಪಕಾರ ಮಾಡುತ್ತದೆ. ಜೊತೆಗೆ ಬೆರಳು ಬಡಿಯುವುದು, ತುಟಿ ಮುಂದೆ ಮಾಡುವುದು, ನಾಲಿಗೆ ಆಡಿಸುವುದು ಹೀಗೆ ಸಣ್ಣ ಸಣ್ಣ ಕೆಲಸ ಮಾಡಿಸಿ ಆ ವ್ಯಕ್ತಿಯ ನಕ್ಷೆ ಪಡೆಯುತ್ತೇವೆ.

ಲೆಕ್ಕ ಹಾಕುವ ಭಾಗವನ್ನು ಉದ್ದ ಮಾಡುವುದಿಲ್ಲ. ಒಂದೇ ಮಾತು. 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಮೀನಿನ ಮಿದುಳಿನಲ್ಲಿ ‘ಚಟುವಟಿಕೆ’ ಕಂಡರು. ಚಿತ್ರದ ಸಾವಿರಾರು ಚುಕ್ಕೆಗಳನ್ನು ಒಟ್ಟಿಗೆ ಪರೀಕ್ಷೆ ಮಾಡುವಾಗ ಲೆಕ್ಕ ಬಿಗಿಯಾಗಿಲ್ಲದಿದ್ದರೆ ಏನಾಗುತ್ತದೆ ಅಂತ ತೋರಿಸಲೆಂದೇ ಮಾಡಿದ ಕೆಲಸ ಅದು. ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುತ್ತಿದ್ದದ್ದು ಈ ಮೀನಿನ ಕಥೆ.

ಇನ್ನು ಟಿಎಂಎಸ್ ದಿನ. ನನಗೆ ಇಷ್ಟವಾದ ದಿನ ಇದೇ. ಇಲ್ಲಿಯೂ ಮೊದಲು ಪ್ರಶ್ನೆಗಳು. ಫಿಟ್ಸ್ ಬಂದಿತ್ತಾ, ಮನೆಯಲ್ಲಿ ಯಾರಿಗಾದರೂ ಇದೆಯಾ, ಯಾವ ಮಾತ್ರೆ ತಗೊಳ್ತೀರಿ, ರಾತ್ರಿ ನಿದ್ದೆ ಆಯ್ತಾ, ತಿಂಡಿ ತಿಂದಿದ್ದೀರಾ. ಫಿಟ್ಸ್ ಬರುವುದು ಬಹಳ ಅಪರೂಪ. ತಲೆ ಸುತ್ತಿ ಬೀಳುವವರು ಅದಕ್ಕಿಂತ ಜಾಸ್ತಿ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಬಿಸ್ಕತ್ತು ಕೊಟ್ಟ ಮೇಲೇ ಕೆಲಸ ಶುರು. ಕಾಯಿಲ್ ಪ್ರತಿಸಲ ‘ಟಕ್’ ಅಂತ ಜೋರಾಗಿ ಸದ್ದು ಮಾಡುತ್ತದೆ. ಆದ್ದರಿಂದ ಅವರ ಕಿವಿಗೂ ನಮ್ಮ ಕಿವಿಗೂ ರಕ್ಷಣೆ ಬೇಕು.

ಸ್ನಾಯು ಅಲುಗಿದಾಗ ಹುಟ್ಟುವ ಸಣ್ಣ ಕರೆಂಟನ್ನು ಹಿಡಿಯಲು ತುಟಿಯ ಬಲ ಮೂಲೆಯಲ್ಲಿ, ಮೇಲೊಂದು ಕೆಳಗೊಂದು ಎಲೆಕ್ಟ್ರೋಡ್ ಅಂಟಿಸುತ್ತೇವೆ. ದಪ್ಪ ಮೀಸೆ ಇದ್ದರೆ ಅದು ಅಂಟುವುದೇ ಇಲ್ಲ. ಪುಸ್ತಕದಲ್ಲಿ ಇದನ್ನು ಯಾರೂ ಬರೆಯುವುದಿಲ್ಲ! ಮೀಸೆ ತೆಗೀತೀರಾ ಅಂತ ಕೇಳುವುದಕ್ಕೂ ಆಗುವುದಿಲ್ಲ. ದಟ್ಟ ಜಡೆಯೂ ಒಂದು ತೊಡಕು. ಕಾಯಿಲ್ ನೆತ್ತಿಯಿಂದ ಸ್ವಲ್ಪ ದೂರವಾದರೂ ಒಳಗೆ ತಲುಪುವ ಬಲ ಬೇಗ ಕುಸಿಯುತ್ತದೆ. ಮೊದಲೇ ಅದು ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಮಾತ್ರ ಹೋಗುವುದು. ಜಡೆ ಬಿಚ್ಚಿ, ಬೈತಲೆ ತೆಗೆದು, ಕೂದಲನ್ನು ಆಚೀಚೆ ಸರಿಸಿ ಇಡಬೇಕು.

ತುಟಿಯ ಜಾಗವನ್ನು ನೇರವಾಗಿ ಹುಡುಕಲು ಹೋಗಬಾರದು. ಮೊದಲು ಕೈ. ಮಾಂಟ್ರಿಯಲ್‌ನ ನರಶಸ್ತ್ರವೈದ್ಯ ಪೆನ್‌ಫೀಲ್ಡ್ 1937ರಲ್ಲಿ ಕೊಟ್ಟ ನಕ್ಷೆ ಇಂದಿಗೂ ದಾರಿ ತೋರಿಸುತ್ತದೆ. ಕಾಲು ನಡುನೆತ್ತಿಯ ಹತ್ತಿರ, ಕೈ ಬದಿಗೆ, ಮುಖ ಇನ್ನೂ ಕೆಳಗೆ. ಎಡಭಾಗದಲ್ಲಿ ಕಾಯಿಲ್ ಇಟ್ಟು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹೋದರೆ ಒಂದು ಕಡೆ ಬಲಗೈ ತೋರುಬೆರಳು ತಾನಾಗಿ ಕುಣಿಯುತ್ತದೆ. ಮೊದಲ ಸಲ ನೋಡಿದವರು ತಮ್ಮ ಕೈಯನ್ನೇ ಬೇರೆ ಯಾರದೋ ಕೈ ಅನ್ನುವಂತೆ ನೋಡುತ್ತಾರೆ. ಕಾಯಿಲ್ ತಟ್ಟಿದ ಸುಮಾರು 20 ಮಿಲಿಸೆಕೆಂಡ್ ನಂತರ ಪರದೆಯ ಮೇಲೆ ಒಂದು ಅಲೆ ಏಳುತ್ತದೆ, ಅದು ಕೈಯ ಸ್ನಾಯುವಿನ ಕರೆಂಟ್. ನೆತ್ತಿಯಿಂದ ಕೈವರೆಗೆ ಸುದ್ದಿ ತಲುಪಲು ಹಿಡಿಯುವ ಸಮಯ ಅಷ್ಟು. ಹತ್ತು ಸಲದಲ್ಲಿ ಐದು ಸಲವಾದರೂ 50 ಮೈಕ್ರೋವೋಲ್ಟ್ ದಾಟಿದ ಅಲೆ ಬರಿಸುವ ಅತಿ ಕಡಿಮೆ ಬಲವೇ ಆ ವ್ಯಕ್ತಿಯ ಕನಿಷ್ಠ ಮಟ್ಟ.

ಅಲ್ಲಿಂದ ಕೆಳಗೆ, ಸ್ವಲ್ಪ ಮುಂದೆ ಸರಿದರೆ ತುಟಿ. ಹೇಳುವುದಕ್ಕೆ ಸುಲಭ. ಸುಮ್ಮನಿರುವ ತುಟಿಯಲ್ಲಿ ಅಲೆ ಬರಿಸುವುದು ಕಷ್ಟ. ಅದಕ್ಕೇ ಪ್ರಯೋಗಕ್ಕೆ ಬಂದವರಿಗೆ ತುಟಿಯನ್ನು ಹದವಾಗಿ ಬಿಗಿ ಹಿಡಿಯಲು ಹೇಳುತ್ತೇವೆ. ಪೂರ್ತಿ ಬಲದ 20ರಿಂದ 30 ಶೇಕಡ ಸಾಕು. ಎಷ್ಟು ಬಿಗಿದಿದ್ದಾರೆ ಅಂತ ಪರದೆಯಲ್ಲಿ ಒಂದು ಪಟ್ಟಿ ಏರಿಳಿಯುತ್ತಾ ತೋರಿಸುತ್ತದೆ. ಹತ್ತು ನಿಮಿಷ ಹೀಗೇ ಹಿಡಿದುಕೊಳ್ಳಿ ನೋಡೋಣ, ತುಟಿ ನಡುಗಲು ಶುರುವಾಗುತ್ತದೆ. ನಡುನಡುವೆ ಬಿಡುವು ಕೊಡಲೇಬೇಕು. ಇನ್ನೊಂದು ಕಾಟ ಅಂದರೆ, ಕಾಯಿಲ್ ಮುಖದ ಹತ್ತಿರ ಬಂದಾಗ ಚರ್ಮದ ಕೆಳಗಿನ ನರವನ್ನೇ ತಟ್ಟಿಬಿಡುತ್ತದೆ. ಕೆನ್ನೆ ಎಗರುತ್ತದೆ, ಮಿದುಳಿಗೂ ಅದಕ್ಕೂ ಸಂಬಂಧವಿಲ್ಲ. ಮಿದುಳಿನಿಂದ ಹೊರಟ ಅಲೆ ಅದಕ್ಕಿಂತ ತಡವಾಗಿ ಬರುತ್ತದೆ. ಪರದೆಯಲ್ಲಿ ಅಲೆ ಎಲ್ಲಿ ಶುರುವಾಯಿತು ಅಂತ ನೋಡಿದರೆ ಅದು ಮಿದುಳಿನದೋ ಕೆನ್ನೆಯದೋ ಗೊತ್ತಾಗುತ್ತದೆ. ಕಣ್ಣು ಪಳಗಲು ಸಮಯ ಬೇಕು.

ಆಮೇಲಿನದು ಸರಳ. ಮಾತು ಕೇಳಿಸುತ್ತಾ, ನಡುವೆ ಒಂದೊಂದು ಸಲ ಕಾಯಿಲ್ ತಟ್ಟಿ, ತುಟಿಯ ಅಲೆ ಎಷ್ಟು ದೊಡ್ಡದು ಅಂತ ಅಳೆಯುವುದು. ಅಲೆ ಪ್ರತಿಸಲ ಒಂದೇ ಗಾತ್ರದಲ್ಲಿ ಬರುವುದಿಲ್ಲ. ಹಲ್ಲು ಕಚ್ಚಿದರೂ ಬದಲಾಗುತ್ತದೆ, ಹಗಲುಗನಸು ಕಂಡರೂ ಬದಲಾಗುತ್ತದೆ. ಆದ್ದರಿಂದ ಹಲವಾರು ಸಲ ತಟ್ಟಿ ಸರಾಸರಿ ತೆಗೆಯಬೇಕು. ಈ ದಾರಿ ಮೊದಲೇ ಇತ್ತು. 2002ರಲ್ಲಿ ಇಟಲಿಯ ಲುಚಾನೊ ಫದೀಗ ತಂಡ ನಾಲಿಗೆಯ ಮೇಲೆ ಹೀಗೆ ಅಳೆದಿತ್ತು. ಇಟಾಲಿಯನ್ನಿನ ಒತ್ತು ‘ರ್ರ’ ಇರುವ ಪದ ಕೇಳಿದಾಗ, ‘ಫ್ಫ’ ಇರುವ ಪದಕ್ಕಿಂತ ನಾಲಿಗೆಯ ಅಲೆ ದೊಡ್ಡದಾಗುತ್ತಿತ್ತು. ಮರುವರ್ಷ ಕೇಟ್ ವಾಟ್ಕಿನ್ಸ್ ಮತ್ತು ಜೊತೆಗಾರರು ಮಾತು ಕೇಳಿದಾಗಲೂ, ಮಾತಾಡುವ ತುಟಿ ನೋಡಿದಾಗಲೂ ತುಟಿಯ ಅಲೆ ಏರುವುದನ್ನು ತೋರಿಸಿದರು. ಅದೂ ಎಡಭಾಗ ತಟ್ಟಿದಾಗ. ಕೈಯ ಅಲೆ ಹಾಗೆ ಏರಲಿಲ್ಲ.

ಅಲೆ ಏರಿದ್ದು ಸರಿ, ಅದರಿಂದ ಕೇಳುವುದಕ್ಕೆ ಏನಾದರೂ ಉಪಯೋಗ ಇದೆಯಾ? 2009ರಲ್ಲಿ ರೀಕ್ಕಾ ಮೊಟ್ಟೊನೆನ್ ಮತ್ತು ವಾಟ್ಕಿನ್ಸ್ ಮಾಡಿದ ಪ್ರಯೋಗ ನನ್ನ ಕೆಲಸಕ್ಕೆ ಅಡಿಪಾಯ. ತುಟಿಯ ಜಾಗದ ಮೇಲೆ ನಿಧಾನವಾಗಿ, ಸೆಕೆಂಡಿಗೆ 0.6 ಸಲದಂತೆ, 15 ನಿಮಿಷ ತಟ್ಟಿದರು. ಆ ಜಾಗ ಸ್ವಲ್ಪ ಹೊತ್ತು ಮಂಕಾಗುತ್ತದೆ. ಆಮೇಲೆ ‘ಬ’ ಮತ್ತು ‘ಡ’ ನಡುವಿನ ಗೆರೆ ಕೇಳುಗರಿಗೆ ಮಸುಕಾಯಿತು. ‘ಪ’ ಮತ್ತು ‘ಟ’ ಕೂಡ. ‘ಕ’ ಮತ್ತು ‘ಗ’ಕ್ಕೆ ಏನೂ ಆಗಲಿಲ್ಲ. ಅವುಗಳಲ್ಲಿ ತುಟಿಯ ಕೆಲಸ ಇಲ್ಲವಲ್ಲ!

ಇಂಥ ಫಲಿತಾಂಶ ನೋಡಿ ಹಿಗ್ಗುವುದು ಸುಲಭ. ನಿಜವಾದ ಕೆಲಸ ಅನುಮಾನ ಪಡುವುದು. ‘ಟಕ್’ ಸದ್ದೇ ಗಮನ ಕೆಡಿಸಿತಾ? ಕೆನ್ನೆ ಎಗರಿದ್ದರಿಂದ ಹೀಗಾಯಿತಾ? ಅದಕ್ಕೇ ಕೈಯ ಜಾಗದ ಮೇಲೂ ಇಷ್ಟೇ ಹೊತ್ತು ತಟ್ಟಿ ನೋಡಬೇಕು. ಅಲ್ಲಿ ಪರಿಣಾಮ ಬರಬಾರದು. ನನ್ನ ಹೆಚ್ಚಿನ ಸಮಯ ಹೋದದ್ದು ಇಂಥ ‘ಏನೂ ಆಗಬಾರದ’ ಪರೀಕ್ಷೆಗಳಲ್ಲಿ.

ಎದುರುವಾದವೂ ಗಟ್ಟಿಯಾಗಿದೆ. 1861ರಲ್ಲಿ ಪ್ಯಾರಿಸ್‌ನಲ್ಲಿ ವೈದ್ಯ ಬ್ರೋಕಾ ವರ್ಣಿಸಿದ ರೋಗಿಗೆ ಒಂದೇ ಒಂದು ಉಚ್ಚಾರ ಬರುತ್ತಿತ್ತು, ಆದರೆ ಬೇರೆಯವರು ಹೇಳಿದ್ದು ಬಹುಪಾಲು ಅರ್ಥವಾಗುತ್ತಿತ್ತು. ಆಡಲು ಬಾರದವರಿಗೂ ಕೇಳಲು ಬರುತ್ತದೆ ಅಂದಮೇಲೆ ತುಟಿಯ ಜಾಗ ಎಷ್ಟು ಮುಖ್ಯ? ನನ್ನ ಮಟ್ಟಿಗೆ, ಅದು ಕೇಳುವುದಕ್ಕೆ ಅನಿವಾರ್ಯವಲ್ಲ, ಊರುಗೋಲು. ಗದ್ದಲದಲ್ಲಿ, ಧ್ವನಿ ಅಸ್ಪಷ್ಟವಾದಾಗ ನೆರವಿಗೆ ಬರುತ್ತದೆ. 2009ರಲ್ಲೇ ಇಟಲಿಯ ಅಲೆಸ್ಸಾಂಡ್ರೊ ದೌಸೀಲಿಯೊ ತಂಡ ಗದ್ದಲ ಬೆರೆಸಿದ ಧ್ವನಿಗಳ ಮೇಲೆ ಮಾಡಿದ ಪ್ರಯೋಗವೂ ಇದಕ್ಕೆ ಹೊಂದುತ್ತದೆ. ಅವರು ತುಂಬ ಹೊತ್ತು ತಟ್ಟಿ ಮಂಕು ಮಾಡಲಿಲ್ಲ, ಧ್ವನಿಗೆ ಸ್ವಲ್ಪ ಮುಂಚೆ ಚುಟುಕಾಗಿ ತಟ್ಟಿ ಎಚ್ಚರಿಸಿದರು. ತುಟಿಯ ಜಾಗ ತಟ್ಟಿದಾಗ ಅವರ ಕೇಳುಗರು ‘ಪ’, ‘ಬ’ಗಳನ್ನು ಬೇಗ ಗುರುತಿಸಿದರು, ನಾಲಿಗೆಯ ಜಾಗ ತಟ್ಟಿದಾಗ ‘ಟ’, ‘ಡ’ಗಳನ್ನು.

ಊರಿಗೆ ಬಂದಾಗ ಎಲ್ಲರೂ ಕೇಳುವುದು ಬೇರೆ. ಲಕ್ವ ಹೊಡೆದು ಮಾತು ನಿಂತವರಿಗೆ ಇದರಿಂದ ಮಾತು ಬರುತ್ತಾ? ಆ ದಿಕ್ಕಿನಲ್ಲಿ ಕೆಲಸ ನಡೆದಿದೆ. ಮಿದುಳಿನ ಬಲಭಾಗದ ಒಂದು ಜಾಗವನ್ನು ನಿಧಾನಕ್ಕೆ ತಟ್ಟಿ ಮಂಕು ಮಾಡಿ, ಮಾತಿನ ಹೆಚ್ಚಿನ ಹೊಣೆ ಹೊತ್ತ ಎಡಭಾಗಕ್ಕೆ ದಾರಿ ಬಿಡಿಸುವ ಪ್ರಯತ್ನ ಅದು. ಕೆಲವರಲ್ಲಿ ಸುಧಾರಣೆ ಕಂಡಿದೆ. ಆದರೆ ಮಾತಿನ ತರಬೇತಿಯ ಜಾಗವನ್ನು ಅದು ತುಂಬುವುದಿಲ್ಲ. ಖಿನ್ನತೆಗೆ ಮಾತ್ರ ಟಿಎಂಎಸ್ ಚಿಕಿತ್ಸೆಗೆ ಅಮೆರಿಕದಲ್ಲಿ 2008ರಲ್ಲೇ ಒಪ್ಪಿಗೆ ಸಿಕ್ಕಿದೆ. ಯೂಟ್ಯೂಬ್ ನೋಡಿ ಬ್ಯಾಟರಿ, ವೈರು ಕಟ್ಟಿ ತಲೆಗೆ ಕರೆಂಟ್ ಕೊಟ್ಟುಕೊಳ್ಳುವವರಿಗೆ ನಾನು ಹೇಳುವುದು ಇಷ್ಟೆ: ದಯವಿಟ್ಟು ಬೇಡ.

ನನಗಿನ್ನೂ ಮಾಡಬೇಕೆನಿಸುವ ಪ್ರಯೋಗ ಒಂದಿದೆ. ಇಂಗ್ಲಿಷಿನವರ ಕಿವಿಗೆ ನಮ್ಮ ‘ತ’ ಮತ್ತು ‘ಟ’ ಹೆಚ್ಚೂ ಕಡಿಮೆ ಒಂದೇ. ಹುಟ್ಟಿದಾಗ ಹಾಗಿರುವುದಿಲ್ಲ. ಇಂಗ್ಲಿಷ್ ಮನೆಯ ಆರೆಂಟು ತಿಂಗಳ ಕೂಸು ಹಿಂದಿಯ ಇಂಥ ಜೋಡಿಯನ್ನು ಬೇರೆ ಬೇರೆಯಾಗಿ ಕೇಳುತ್ತದೆ, ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಇಳಿಯುತ್ತದೆ ಎಂದು 1984ರಲ್ಲಿ ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ತೋರಿಸಿದರು. ಹಾಗಾದರೆ ಕನ್ನಡಿಗರ ಮಿದುಳಿನಲ್ಲಿ ನಾಲಿಗೆ ಚಾಚುವುದಕ್ಕೂ ಮಡಚುವುದಕ್ಕೂ ಕೇಳುವಾಗ ಬೇರೆ ಬೇರೆ ಗುರುತು ಸಿಗುತ್ತಾ? ನಮ್ಮ ಕಾಯಿಲ್‌ನಿಂದ ಇದು ಆಗುವ ಮಾತಲ್ಲ. ಎರಡೂ ಒಂದೇ ನಾಲಿಗೆಯ ಕೆಲಸ. ಅಷ್ಟು ಹತ್ತಿರದ ಜಾಗಗಳನ್ನು ಅದು ಬಿಡಿಸಿ ತಟ್ಟಲಾರದು. ಅಮೆರಿಕದಲ್ಲಿ ಎಡ್ವರ್ಡ್ ಚಾಂಗ್ ತಂಡ ಮೂರ್ಛೆರೋಗದ ಆಪರೇಷನ್‌ಗೆ ಬಂದವರ ಮಿದುಳಿನ ಮೇಲೇ 4 ಮಿಲಿಮೀಟರ್ ಅಂತರದ ಎಲೆಕ್ಟ್ರೋಡ್ ಹಾಸಿ, ತುಟಿ, ನಾಲಿಗೆ, ದವಡೆಯ ಜಾಗಗಳನ್ನು ಇಂಗ್ಲಿಷ್ ಮಾತಿಗೆ ಗುರುತಿಸಿದೆ. ಮೂರ್ಛೆರೋಗದ ಆಪರೇಷನ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಆಗುತ್ತದೆ. ಚಿಕಿತ್ಸೆಗಾಗಿ ಹೇಗೂ ಎಲೆಕ್ಟ್ರೋಡ್ ಇಟ್ಟಿರುವಾಗ, ರೋಗಿ ಒಪ್ಪಿದರೆ, ‘ತಲೆ’, ‘ದನ’, ‘ಟೋಪಿ’, ‘ಡಬ್ಬಿ’ ಇಂಥ ಪದಗಳ ಒಂದು ಪಟ್ಟಿ ಕೇಳಿಸಲು ಹೆಚ್ಚು ಹೊತ್ತು ಬೇಡ.