ಕ್ಯಾಂಪಾರಿಗೆ ನಮ್ಮ ಹಣ್ಣು: ಮೈಸೂರಿನ ಬೇಸಿಗೆಗೆ ನಾನು ಮಾಡುವ ಬಗೆ

ಯಾರೋ ವಿಮಾನದಲ್ಲಿ ಬರುವಾಗ ಕ್ಯಾಂಪಾರಿ ಅನ್ನುವ ಇಟಲಿಯ ಕಹಿ ಮದ್ಯ ತಂದಿರುತ್ತಾರೆ. ಒಂದು ಗುಟುಕು ಬರಿದೇ ಕುಡಿದು ಮುಖ ಕಿವುಚುತ್ತಾರೆ, ಬಾಟಲಿ ಶೋಕೇಸಿಗೆ ಹೋಗುತ್ತದೆ. ಮೈಸೂರಿನ ಎಷ್ಟೋ ಮನೆಗಳಲ್ಲಿ ಹಾಗೆ ನಿಂತಿರುವ ಕೆಂಪು ಬಾಟಲಿ ನೋಡಿದರೆ ನನಗೆ ಸಂಕಟವಾಗುತ್ತದೆ. ಹಾಗಲಕಾಯಿ ಗೊಜ್ಜನ್ನು ಇಷ್ಟಪಟ್ಟು ತಿನ್ನುವವರು ನಾವು. ಅಲ್ಲಿ ಹುಣಸೆ, ಬೆಲ್ಲ, ಉಪ್ಪು ಸೇರಿ ಕಹಿಯನ್ನು ಹದಕ್ಕೆ ತರುತ್ತವೆ. ಕ್ಯಾಂಪಾರಿಗೂ ಬೇಕಾದ್ದು ಹುಳಿ, ಸಿಹಿ ಮತ್ತು ಒಂದು ಚಿಟಿಕೆ ಉಪ್ಪು. ಹುಳಿಯನ್ನೂ ಸಿಹಿಯನ್ನೂ ನಾನು ಆದಷ್ಟು ನಮ್ಮ ಹಣ್ಣಿನಿಂದಲೇ ತರುತ್ತೇನೆ.

ಇಟಲಿಯ ನೊವಾರಾದಲ್ಲಿ 1860ರಲ್ಲಿ ಗ್ಯಾಸ್ಪರೆ ಕ್ಯಾಂಪಾರಿ ಹುಟ್ಟುಹಾಕಿದ ಪಾನೀಯ ಇದು. ಗಿಡಮೂಲಿಕೆ, ಹಣ್ಣುಗಳ ಸಾರ ಇಳಿಸಿ ಮಾಡುತ್ತಾರೆ, ಪೂರ್ತಿ ರೆಸಿಪಿ ಇವತ್ತಿಗೂ ಗುಟ್ಟು. ಮದ್ಯಸಾರ ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಹೆಚ್ಚೂಕಡಿಮೆ 20ರಿಂದ 28 ಪರ್ಸೆಂಟ್. ಅದರ ಜೊತೆ ಸಕ್ಕರೆಯೂ ಧಾರಾಳವಾಗಿದೆ. ಇಟಲಿಯದೇ ಪಾಡುವಾದಲ್ಲಿ 1919ರಲ್ಲಿ ಬಂದ, ಇದೇ ಜಾತಿಯ ಅಪೆರೋಲ್ ಮೆದು, 11 ಪರ್ಸೆಂಟ್ ಅಷ್ಟೇ. ಕಹಿ ಅಭ್ಯಾಸವಿಲ್ಲದ ನೆಂಟರಿಗೆ ಮೊದಲು ಅಪೆರೋಲ್ ಕೊಡಿ.

ನನಗೆ ಅತಿ ಇಷ್ಟದ್ದು ನಂಜನಗೂಡು ರಸಬಾಳೆ ನೆನೆಸಿದ ಕ್ಯಾಂಪಾರಿ. ಬಾಡುರೋಗ ಬಿದ್ದು ತೋಟಗಳು ಕಡಿಮೆಯಾದ ಮೇಲೆ ನಿಜವಾದ ರಸಬಾಳೆ ಸಿಗುವುದೇ ಕಷ್ಟ, ಸಿಕ್ಕರೆ ದುಬಾರಿ. ದೇವರಾಜ ಮಾರ್ಕೆಟ್ಟಿನಲ್ಲಿ ನಾನು ಕೊಳ್ಳುವ ಅಂಗಡಿಯವರು ಯಾವಾಗಲೂ ಕೇಳುತ್ತಾರೆ, "ಇವತ್ತಿಗೆ ಬೇಕಾ, ನಾಳಿದ್ದಿಗೆ ಬೇಕಾ ಅಕ್ಕ?" "ಇವತ್ತಿಗೇ ಅಣ್ಣ, ಪೂರ್ತಿ ಕಳಿತದ್ದೇ ಕೊಡಿ" ಅನ್ನುತ್ತೇನೆ. ಸಿಪ್ಪೆ ಚುಕ್ಕೆಚುಕ್ಕೆಯಾಗಿ, ಚೀಲದಿಂದ ತೆಗೆದೊಡನೆ ಅಡುಗೆಮನೆ ತುಂಬ ಘಮ ಹರಡುವ ಹಣ್ಣೇ ಆಗಬೇಕು. ಕಸರು ಉಳಿದಿದ್ದರೆ ಆ ಒಗರು ಕ್ಯಾಂಪಾರಿಯ ಕಹಿಗೆ ಸೇರಿ ನಾಲಿಗೆ ಒಣಗಿಸುತ್ತದೆ.

300 ಎಂಎಲ್ ಕ್ಯಾಂಪಾರಿಗೆ ಎರಡು ಹಣ್ಣು ಸಾಕು. ಬಿಲ್ಲೆ ಮಾಡಿ ಗಾಜಿನ ಜಾಡಿಗೆ ಹಾಕಿ, ಮುಳುಗುವಂತೆ ಸುರಿದು, ಮುಚ್ಚಿ ಫ್ರಿಜ್ಜಿನಲ್ಲಿ ಒಂದು ದಿನ ಇಡುತ್ತೇನೆ. ಮರುದಿನ ತೆಳು ಪಂಚೆ ಬಟ್ಟೆಯಲ್ಲಿ ಸೋಸುವಾಗ ಮಾತ್ರ ತಾಳ್ಮೆ ಬೇಕು: ಹಿಂಡಬಾರದು. ಹಿಂಡಿದರೆ ತಿರುಳು ಇಳಿದು ಬಣ್ಣ ರಾಡಿಯಾಗುತ್ತದೆ. ತಾನಾಗಿ ತೊಟ್ಟಿಕ್ಕಿದ್ದನ್ನು ಬಾಟಲಿಯಲ್ಲಿ ರಾತ್ರಿಯಿಡೀ ನಿಲ್ಲಿಸಿ, ಬೆಳಗ್ಗೆ ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೆ ಮಾಣಿಕ್ಯದ ಬಣ್ಣ ಹಾಗೇ ಉಳಿದಿರುತ್ತದೆ. ಮೂಗಿಗೆ ಬಾಳೆ, ನಾಲಿಗೆಗೆ ಕಿತ್ತಳೆ ಸಿಪ್ಪೆಯ ಕಹಿ. ಇದನ್ನು 30 ಎಂಎಲ್, ಜಿನ್ 30, ಸಿಹಿ ವರ್ಮೂತ್ (ಗಿಡಮೂಲಿಕೆ ಬೆರೆಸಿದ ವೈನ್) 30 ಹಾಕಿ ದೊಡ್ಡ ಐಸಿನ ಮೇಲೆ ಕಲಕಿದರೆ ನೆಗ್ರೋನಿ ಅನ್ನುವ ಕಾಕ್‌ಟೇಲ್ ಆಯಿತು. ಅಷ್ಟು ಖಡಕ್ ಬೇಡದವರಿಗೆ ಬರೀ ಸೋಡಾ ಬೆರೆಸಿ ಕೊಡುತ್ತೇನೆ.

ಕೊಡಗಿನ ಕಿತ್ತಳೆ ಬರುವ ಚಳಿಗಾಲದಲ್ಲಿ ಗ್ಯಾರಿಬಾಲ್ಡಿ ಮಾಡುತ್ತೇನೆ. ಕ್ಯಾಂಪಾರಿ ಮತ್ತು ಕಿತ್ತಳೆ ರಸ, ಬೇರೇನೂ ಇಲ್ಲ. ತೊಳೆಗಳನ್ನು ಇಡಿಯಾಗಿ ಮಿಕ್ಸಿಗೆ ಹಾಕಬೇಡಿ, ಬೀಜ ಅರೆದು ಬೇಡದ ಕಹಿ ಬರುತ್ತದೆ. ಕೈಯಲ್ಲಿ ಹಿಂಡಿ, ಸೋಸಿದ ರಸವನ್ನು ಮಾತ್ರ ಮಿಕ್ಸಿಯಲ್ಲಿ ತಿರುಗಿಸಿದರೆ ನೊರೆ ಏಳುತ್ತದೆ. ಆ ನೊರೆಯಲ್ಲೇ ಇದರ ಸೊಗಸು.

ಬೇಸಿಗೆಗೆ ಹೆಪ್ಪುಗಟ್ಟಿಸಿದ್ದೇ ಸರಿ. ಮದ್ಯಸಾರ ನೀರಿನ ಹೆಪ್ಪುಗಟ್ಟುವ ಬಿಂದುವನ್ನು ಕೆಳಗಿಳಿಸುತ್ತದೆ, ಸಕ್ಕರೆಯೂ ಅಷ್ಟೇ. ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ ಆಸುಪಾಸಿನಲ್ಲಿರುತ್ತದೆ, ಕ್ಯಾಂಪಾರಿ ಬಾಟಲಿಯನ್ನೇ ಅದರೊಳಗಿಟ್ಟರೂ ಗಟ್ಟಿಯಾಗುವುದಿಲ್ಲ, ಪಾಕದಂತೆ ಮಂದವಾಗುತ್ತದೆ ಅಷ್ಟೇ. ಹಾಗಾಗಿ ಅಳತೆಯಲ್ಲಿ ಧಾರಾಳತನ ಬೇಡ. ಅರ್ಧ ಲೀಟರ್ ಹಣ್ಣಿನ ರಸಕ್ಕೆ 60 ಎಂಎಲ್ ಹಾಕಿದರೆ ಕಡ್ಡಿಗೆ ಕಚ್ಚಿಕೊಳ್ಳುವ ಐಸ್ ಕ್ಯಾಂಡಿ ಬರುತ್ತದೆ. 100 ಎಂಎಲ್ ಹಾಕಿದರೆ ಕ್ಯಾಂಡಿಯ ಆಸೆ ಬಿಟ್ಟು ಚಮಚದಲ್ಲಿ ತಿನ್ನುವ ಗ್ರಾನಿಟಾ ಮಾಡಿಕೊಳ್ಳಿ. ಇನ್ನೊಂದು: ತಣ್ಣಗಾದಷ್ಟೂ ಸಿಹಿ ನಾಲಿಗೆಗೆ ಮಂಕಾಗುತ್ತದೆ. ಕಲಸಿದಾಗ ಸ್ವಲ್ಪ ಜಾಸ್ತಿಯೇ ಸಿಹಿಯಾಯಿತು ಅನ್ನಿಸಿದರೆ ಅದೇ ಸರಿಯಾದ ಹದ.

ಗ್ರಾನಿಟಾಕ್ಕೆ ಕಲ್ಲಂಗಡಿಯನ್ನು ಮೀರಿಸಿದ್ದಿಲ್ಲ. ಸೋಸಿದ ಅರ್ಧ ಲೀಟರ್ ರಸ, 100 ಎಂಎಲ್ ಕ್ಯಾಂಪಾರಿ, ಎರಡು ನಿಂಬೆಹಣ್ಣಿನ ರಸ, ಮೂರು ಚಮಚ ಸಕ್ಕರೆ, ಚಿಟಿಕೆ ಉಪ್ಪು. ಉಪ್ಪು ಬಿಡಲೇಬೇಡಿ, ಕಹಿಯ ಮೊನೆ ಮುರಿಯುವುದು ಅದೇ. ಅಗಲ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಸುರಿದು ಫ್ರೀಜರಿಗಿಟ್ಟು, ಅಂಚು ಹರಳುಗಟ್ಟತೊಡಗಿದ ಮೇಲೆ ಅರ್ಧ ಗಂಟೆಗೊಮ್ಮೆ ಫೋರ್ಕಿನಲ್ಲಿ ಕೆರೆಯುತ್ತಾ ಬನ್ನಿ. ಕೊನೆಗೆ ತಟ್ಟೆ ತುಂಬ ಗುಲಾಬಿ ಬಣ್ಣದ ಸಣ್ಣ ಹರಳು.

ಕ್ಯಾಂಡಿಗೆ ರಸಪುರಿ ಮಾವು. ತಿರುಳಿನಲ್ಲೇ ಮಂದತನ ಇರುವುದರಿಂದ ಐಸಿನ ಚೂರು ಬಾಯಿಗೆ ಒರಟಾಗಿ ತಾಗುವುದಿಲ್ಲ. ಹಣ್ಣು ಕಳಿತಷ್ಟೂ ಹುಳಿ ಸಾಲದು, ನಿಂಬೆ ಬೇಕೇಬೇಕು.

ಅನಾನಸಿಗಂತೂ ಜಂಗಲ್ ಬರ್ಡ್ ಇದ್ದೇ ಇದೆ, 1970ರ ದಶಕದಲ್ಲಿ ಕೌಲಾಲಂಪುರದ ಹೋಟೆಲೊಂದರಲ್ಲಿ ಹುಟ್ಟಿದ ಕಾಕ್‌ಟೇಲ್. ಡಾರ್ಕ್ ರಮ್ 45 ಎಂಎಲ್, ಕ್ಯಾಂಪಾರಿ 20, ಅನಾನಸ್ ರಸ 45, ನಿಂಬೆರಸ 15. ಸಕ್ಕರೆ ಪಾಕದ ಬದಲು ನಾನು ಮಂಡ್ಯದ ಬೆಲ್ಲ ಕರಗಿಸಿ ಸೋಸಿ 15 ಎಂಎಲ್ ಹಾಕುತ್ತೇನೆ. ರಮ್ಮೂ ಕಬ್ಬಿನದೇ ಆದ್ದರಿಂದ ಎರಡೂ ಬೆರೆತು ಹೋಗುತ್ತವೆ.

ಫ್ರೀಜರಿಗಿಟ್ಟ ಮಾತ್ರಕ್ಕೆ ಮದ್ಯಸಾರ ಹೋಗುವುದಿಲ್ಲ. ಕೆಂಪು ಕ್ಯಾಂಡಿ ಮಕ್ಕಳ ಕಣ್ಣಿಗೆ ಅಂಗಡಿಯ ಕ್ಯಾಂಡಿಯೇ. ದೊಡ್ಡವರದನ್ನು ಬೇರೆ ಡಬ್ಬದಲ್ಲಿ, ಹೆಸರು ಬರೆದು, ಮಕ್ಕಳ ಕೈಗೆಟುಕದಂತೆ ಇಡುತ್ತೇನೆ. ಮಕ್ಕಳಿಗೆ ಅದೇ ಹಣ್ಣಿನ ರಸದಲ್ಲಿ ಕ್ಯಾಂಪಾರಿ ಇಲ್ಲದೆ, ಬೇರೆ ಅಚ್ಚಿನಲ್ಲಿ.