ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಪೋಸ್ಟ್‌ಗ್ರೆಸ್: ನಾನು ಓಡಿಸುತ್ತಿರುವ ಬಗೆ

ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮ ಊರು, ಕೆರೆ, ರಸ್ತೆಗಳಿಗೆ ಕನ್ನಡ ಹೆಸರು ಸೇರಿಸುವುದು ನಾನು ಬಿಡುವಿನಲ್ಲಿ ಮಾಡುವ ಕೆಲಸ. ಯಾವ ಹಳ್ಳಿಗೆ ಇನ್ನೂ ಕನ್ನಡ ಹೆಸರಿಲ್ಲ ಅಂತ ತಿಳಿಯಲು ನಕ್ಷೆ ನೋಡುತ್ತಾ ಕೂತರೆ ಆಗುವುದಿಲ್ಲ. ಡೇಟಾ ಇಳಿಸಿಕೊಂಡು, ಡೇಟಾಬೇಸ್‌ಗೆ ತುಂಬಿ, 'ಹಳ್ಳಿ ಎಂಬ ಟ್ಯಾಗ್ ಇದೆ, ಕನ್ನಡ ಹೆಸರಿನ ಟ್ಯಾಗ್ ಇಲ್ಲ' ಎಂಬ ಸಾಲುಗಳನ್ನು ಹುಡುಕಬೇಕು. ಜಿಯೋಫ್ಯಾಬ್ರಿಕ್ ಎಂಬ ಜರ್ಮನಿಯ ಸಂಸ್ಥೆ ಇಡೀ ಭಾರತದ ಫೈಲ್ ಕೊಡುತ್ತದೆ, ದಕ್ಷಿಣ ವಲಯದ್ದನ್ನು ಬೇರೆಯಾಗಿಯೂ ಕೊಡುತ್ತದೆ. ಪುಕ್ಕಟೆ. ಇಳಿಸಿಕೊಳ್ಳುವಾಗ ಫೈಲ್ ಚಿಕ್ಕದೇ. ಆದರೆ ಅದನ್ನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ಗೆ ತುಂಬಿದ ಮೇಲೆ ಟೇಬಲ್, ಇಂಡೆಕ್ಸ್ (ಬೇಗ ಹುಡುಕಲು ಕಟ್ಟುವ ಸೂಚಿ) ಎಲ್ಲ ಸೇರಿ ಹಲವು ಪಟ್ಟು ಬೆಳೆಯುತ್ತದೆ. ನನ್ನ ಲ್ಯಾಪ್‌ಟಾಪ್‌ನ ಒಳಗಿರುವುದು 256 ಜಿಬಿ ಮಾತ್ರ, ಅದೂ ಮುಕ್ಕಾಲು ಭರ್ತಿ. ಮನೆಯಲ್ಲಿ 1 ಟಿಬಿಯ ಪೋರ್ಟಬಲ್ ಹಾರ್ಡ್ ಡಿಸ್ಕ್ ಇತ್ತು. ಡೇಟಾಬೇಸ್ ಅದರಲ್ಲೇ ಓಡಲಿ ಅಂತ ನಿರ್ಧರಿಸಿದೆ. ಈಗಲೂ ಅದರಲ್ಲೇ ಓಡುತ್ತಿದೆ.

'ಯುಎಸ್‌ಬಿ ಡಿಸ್ಕ್‌ನಲ್ಲಿ ಡೇಟಾಬೇಸಾ? ಬೇಡಪ್ಪಾ, ನಿಧಾನ' ಎನ್ನುವವರೇ ಜಾಸ್ತಿ. ನಿಧಾನ ಹೌದು. ಆದರೆ ನಿಧಾನದಿಂದ ಯಾರ ಡೇಟಾವೂ ಕೆಡುವುದಿಲ್ಲ, ಕಾಯಬೇಕಾಗುತ್ತದೆ ಅಷ್ಟೇ. ನಿಜವಾದ ವಿಷಯ ಬೇರೆ. ಡೇಟಾಬೇಸ್ ನಿಂತಿರುವುದೇ ಡಿಸ್ಕ್ ಹೇಳುವ ಒಂದು ಮಾತಿನ ಮೇಲೆ: 'ಬರೆದಾಯಿತು.' ಆ ಮಾತು ಬಂದ ಮೇಲಷ್ಟೇ ಅದು ನಮಗೆ 'ಕಮಿಟ್ ಆಯಿತು', ಅಂದರೆ ಕಾಯಂ ಆಗಿ ಉಳಿಯಿತು, ಎನ್ನುತ್ತದೆ. ಒಳಗಿನ ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವೆ ಹೆಚ್ಚೇನೂ ಇಲ್ಲ. ಹೊರಗಿನ ಡಿಸ್ಕ್‌ನಲ್ಲಿ ನಡುವೆ ಒಂದು ಕೇಬಲ್, ಒಂದು ಪೋರ್ಟ್, ಡಿಸ್ಕ್ ಕೇಸ್‌ನೊಳಗೆ ಯುಎಸ್‌ಬಿಗೂ ಡಿಸ್ಕ್‌ಗೂ ಮಾತು ದಾಟಿಸುವ ಒಂದು ಪುಟ್ಟ ಬ್ರಿಡ್ಜ್ ಚಿಪ್, ಮತ್ತೆ ಕರೆಂಟ್. ಇವುಗಳಲ್ಲಿ ಯಾವುದು ಕೈಕೊಟ್ಟರೂ ಆ ಮಾತು ಸುಳ್ಳಾಗಬಹುದು. ನಾನು ಮಾಡಿಕೊಂಡ ವ್ಯವಸ್ಥೆಯೆಲ್ಲ ಈ ನಾಲ್ಕರ ಸುತ್ತಲೇ ಇದೆ.

ಮೊದಲ ಕೆಲಸ ಫಾರ್ಮ್ಯಾಟ್. ಅಂಗಡಿಯಿಂದ ಬರುವ ಪೋರ್ಟಬಲ್ ಡಿಸ್ಕ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆಗಿರುತ್ತವೆ. ಪೋಸ್ಟ್‌ಗ್ರೆಸ್ ತನ್ನ ಡೇಟಾ ಫೋಲ್ಡರ್‌ಗೆ 'ಪೋಸ್ಟ್‌ಗ್ರೆಸ್' ಎಂಬ ಬಳಕೆದಾರನೇ ಒಡೆಯನಾಗಿರಬೇಕು, ಪರ್ಮಿಷನ್ 0700 ಅಥವಾ 0750 (ಬೇರೆಯವರು ಬರೆಯಲಾಗದಂತೆ) ಇರಬೇಕು ಅಂತ ಹಟ ಹಿಡಿಯುತ್ತದೆ. ಎಕ್ಸ್‌ಫ್ಯಾಟ್‌ನಲ್ಲಿ ಒಡೆತನ ಎಂಬುದೇ ಇಲ್ಲ. ಸಿಮ್‌ಲಿಂಕ್ (ಬೇರೆ ಜಾಗದ ಫೈಲ್‌ಗೆ ಕೊಂಡಿ) ಇಲ್ಲ. ಬರೆಯುವಾಗ ನಡುವೆ ನಿಂತರೆ ಸರಿಪಡಿಸಿಕೊಳ್ಳಲು ಬೇಕಾದ ಜರ್ನಲ್ ಕೂಡ ಇಲ್ಲ. ಹಾಗಾಗಿ ಅದರಲ್ಲಿದ್ದ ಫೋಟೊಗಳನ್ನು ಬೇರೆ ಕಡೆ ಇಟ್ಟು, ಡಿಸ್ಕ್ ಪೂರ್ತಿ ಅಳಿಸಿ, ಲಿನಕ್ಸ್‌ನ ಎಕ್ಸ್‌ಟಿ4 ಫಾರ್ಮ್ಯಾಟ್ ಮಾಡಿಕೊಂಡೆ. ಒಂದೇ ಡಿಸ್ಕ್‌ನಲ್ಲಿ ಅರ್ಧ ಸಿನಿಮಾ, ಅರ್ಧ ಡೇಟಾಬೇಸ್ ಅಂತ ಇಟ್ಟುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಸಿನಿಮಾ ಇದ್ದರೆ ಯಾರಾದರೂ ಟಿವಿಗೆ ಹಾಕಲು ಕಿತ್ತುಕೊಂಡು ಹೋಗುತ್ತಾರೆ.

ಆಮೇಲೆ ಮೌಂಟ್, ಅಂದರೆ ಡಿಸ್ಕನ್ನು ಒಂದು ಫೋಲ್ಡರ್ ಆಗಿ ಕಾಣುವಂತೆ ಜೋಡಿಸುವುದು. ಉಬುಂಟು ಲಿನಕ್ಸ್‌ನಲ್ಲಿ ಡಿಸ್ಕ್ ಚುಚ್ಚಿದರೆ ಅದು ತಾನಾಗಿಯೇ 'ಮೀಡಿಯಾ' ಫೋಲ್ಡರ್‌ನೊಳಗೆ ನಮ್ಮ ಹೆಸರಿನಡಿ ತೆರೆದುಕೊಳ್ಳುತ್ತದಲ್ವಾ? ಫೋಟೊ ನೋಡಲು ಅದು ಸಾಕು. ಡೇಟಾಬೇಸ್‌ಗೆ ಆಗದು. ನಾವು ಲಾಗಿನ್ ಆದ ಮೇಲಷ್ಟೇ ಅದು ಮೌಂಟ್ ಆಗುತ್ತದೆ. ಪೋಸ್ಟ್‌ಗ್ರೆಸ್ ಸರ್ವರ್ ಅದಕ್ಕಿಂತ ಮೊದಲೇ ಎದ್ದಿರುತ್ತದೆ. ಮೇಲಾಗಿ ಆ ಫೋಲ್ಡರ್‌ನೊಳಗೆ ಹೋಗಲು ನಮಗೆ ಬಿಟ್ಟರೆ ಪೋಸ್ಟ್‌ಗ್ರೆಸ್ ಬಳಕೆದಾರನಿಗೆ ಅನುಮತಿಯೇ ಇರುವುದಿಲ್ಲ. ಅದಕ್ಕೇ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಎಂದು ಹೇಳುವ ಎಫ್‌ಸ್ಟ್ಯಾಬ್ ಫೈಲ್‌ನಲ್ಲಿ ಒಂದು ಸಾಲು ಬರೆದು, ಡಿಸ್ಕ್‌ಗೆ ಕಾಯಂ ವಿಳಾಸ ಕೊಟ್ಟೆ. ಡಿಸ್ಕನ್ನು ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರಿನಿಂದ ಕರೆಯಬಾರದು, ಬದಲಾಗದ ಗುರುತಾದ ಯುಯುಐಡಿಯಿಂದಲೇ ಕರೆಯಬೇಕು. ಒಂದು ಪೆನ್‌ಡ್ರೈವ್ ಮೊದಲು ಚುಚ್ಚಿದ್ದರೂ ಸಾಕು, ಆ ಹೆಸರುಗಳು ಅದಲುಬದಲಾಗುತ್ತವೆ. ಜೊತೆಗೆ 'ನೋಫೇಲ್' ಎಂಬ ಆಯ್ಕೆ ಸೇರಿಸಿದೆ. ಅದಿಲ್ಲದೆ ಡಿಸ್ಕ್ ಮನೆಯಲ್ಲಿ ಬಿಟ್ಟು ಹೋದ ದಿನ ಲ್ಯಾಪ್‌ಟಾಪ್ ಬೂಟ್ ಆಗುವಾಗ 90 ಸೆಕೆಂಡ್ ಕಾದು, ಕೊನೆಗೆ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತದೆ.

ಈಗ ಒಂದು ಮುಖ್ಯವಾದ ಮಾತು. ಡಿಸ್ಕ್ ಇಲ್ಲದಿದ್ದರೂ ಅದು ಮೌಂಟ್ ಆಗಬೇಕಾದ ಖಾಲಿ ಫೋಲ್ಡರ್ ಲ್ಯಾಪ್‌ಟಾಪ್‌ನಲ್ಲಿ ಇದ್ದೇ ಇರುತ್ತದೆ. ಯಾವುದಾದರೂ ಪ್ರೋಗ್ರಾಂ ಅದನ್ನೇ ಡಿಸ್ಕ್ ಎಂದುಕೊಂಡು ಬರೆಯಲು ಶುರು ಮಾಡಿದರೆ? ನೇರವಾಗಿ ಇನ್‌ಸ್ಟಾಲ್ ಮಾಡಿದ ಪೋಸ್ಟ್‌ಗ್ರೆಸ್ ಖಾಲಿ ಫೋಲ್ಡರ್ ಕಂಡರೆ ಏಳುವುದೇ ಇಲ್ಲ, ಅದು ಒಳ್ಳೆಯದು. ಆದರೆ ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಸಿದ್ಧ ಪೊಟ್ಟಣವಾಗಿ ಓಡಿಸುವ ಸಾಧನ) ಓಡಿಸುವವರು ಜಾಗ್ರತೆಯಿಂದಿರಬೇಕು. ಪೋಸ್ಟ್‌ಗ್ರೆಸ್‌ನ ಡಾಕರ್ ಇಮೇಜ್ ಖಾಲಿ ಫೋಲ್ಡರ್ ಕಂಡ ಕೂಡಲೇ ಅಲ್ಲೊಂದು ಹೊಚ್ಚ ಹೊಸ ಡೇಟಾಬೇಸ್ ಹುಟ್ಟಿಸಿಬಿಡುತ್ತದೆ. ನೋಡುವವರಿಗೆ ಟೇಬಲ್‌ಗಳೆಲ್ಲ ಮಾಯವಾದ ಹಾಗೆ ಕಾಣುತ್ತದೆ, ಹೊಸದಾಗಿ ಬರೆದದ್ದೆಲ್ಲ ತಪ್ಪು ಜಾಗಕ್ಕೆ ಹೋಗುತ್ತದೆ. ನಾನು ಮೂರು ಅಡ್ಡಗಟ್ಟೆ ಹಾಕಿದ್ದೇನೆ. ಒಂದು, ಡಿಸ್ಕ್ ಮೌಂಟ್ ಆಗದಿದ್ದರೆ ಸರ್ವರ್ ಏಳಬಾರದು ಅಂತ, ಸರ್ವರ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿಗೆ ಹೇಳಿದ್ದೇನೆ. ಅದಕ್ಕೆ 'ರಿಕ್ವೈರ್ಸ್‌ಮೌಂಟ್ಸ್‌ಫಾರ್' ಎಂಬ ಒಂದೇ ಸಾಲು ಸಾಕು. ಎರಡು, ಡಿಸ್ಕ್ ಇಲ್ಲದಾಗ ಆ ಖಾಲಿ ಫೋಲ್ಡರ್‌ಗೆ 'ಚಾಟರ್' ಕಮಾಂಡ್‌ನಿಂದ ಬೀಗ ಹಾಕಿದೆ. ಹಾಗಾಗಿ ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರ ಕೂಡ ಅಲ್ಲಿ ಸುಮ್ನೆ ಬರೆಯಲಾಗದು. ಡಿಸ್ಕ್ ಅದರ ಮೇಲೆ ಮೌಂಟ್ ಆದಾಗ ಬೀಗದ ತೊಂದರೆ ಏನೂ ಇಲ್ಲ. ಮೂರು, ಮೌಂಟ್ ಆಗುವ ಫೋಲ್ಡರನ್ನೇ ಡೇಟಾ ಫೋಲ್ಡರ್ ಮಾಡದೆ, ಅದರೊಳಗೆ ಇನ್ನೊಂದು ಫೋಲ್ಡರ್ ಮಾಡಿ ಅಲ್ಲಿಟ್ಟೆ. ಪೋಸ್ಟ್‌ಗ್ರೆಸ್‌ನ ಕೈಪಿಡಿಯೂ ಹೀಗೇ ಮಾಡಿ ಎನ್ನುತ್ತದೆ.

ಟೇಬಲ್‌ಸ್ಪೇಸ್ (ಡೇಟಾ ಫೋಲ್ಡರ್‌ನ ಹೊರಗೆ ಇನ್ನೊಂದು ಜಾಗ) ಮಾಡಿ ದೊಡ್ಡ ಟೇಬಲ್‌ಗಳನ್ನು ಮಾತ್ರ ಹೊರಗೆ ಇಡಬಹುದಲ್ಲ ಅಂತ ಕೇಳುತ್ತಾರೆ. ಇಡಬಹುದು. ಆದರೆ ಟೇಬಲ್‌ಸ್ಪೇಸ್ ಎಂಬುದು ಸ್ವತಂತ್ರವಾಗಿ ಬದುಕುವ ವಸ್ತುವಲ್ಲ. ಅದರ ಲೆಕ್ಕಪತ್ರವೆಲ್ಲ ಮುಖ್ಯ ಫೋಲ್ಡರ್‌ನಲ್ಲಿರುತ್ತದೆ. ಅದೊಂದು ಕಳೆದುಹೋದರೆ ಉಳಿದ ಡೇಟಾಬೇಸ್‌ಗಳೂ ಏಳದೇ ಹೋಗಬಹುದು. ತೆಗೆದು ಹಾಕುವ ಡಿಸ್ಕ್ ಆದರೆ ಇಡೀ ಕ್ಲಸ್ಟರ್ (ಒಂದು ಸರ್ವರ್‌ನ ಎಲ್ಲ ಡೇಟಾಬೇಸ್‌ಗಳು) ಅದರಲ್ಲೇ ಇರಲಿ. ಬಂದರೆ ಪೂರ್ತಿ ಬರಲಿ, ಹೋದರೆ ಪೂರ್ತಿ ಹೋಗಲಿ.

ಇನ್ನು ಡಿಸ್ಕ್ ನಿಜ ಹೇಳುತ್ತಿದೆಯಾ ಎಂಬ ಪರೀಕ್ಷೆ. ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಪೋಸ್ಟ್‌ಗ್ರೆಸ್ ಜೊತೆಗೇ 'ಪಿಜಿ_ಟೆಸ್ಟ್_ಎಫ್‌ಸಿಂಕ್' ಎಂಬ ಪುಟ್ಟ ಪ್ರೋಗ್ರಾಂ ಬರುತ್ತದೆ. ಎಫ್‌ಸಿಂಕ್ ಅಂದರೆ ಬರೆದದ್ದನ್ನು ಡಿಸ್ಕ್‌ಗೆ ಪೂರ್ತಿ ಇಳಿಸು ಎಂಬ ಆದೇಶ. ಪರೀಕ್ಷೆಯ ಫೈಲ್ ಅದೇ ಡಿಸ್ಕ್‌ನಲ್ಲಿ ಇರುವಂತೆ ಜಾಗ ತೋರಿಸಿ ಓಡಿಸಬೇಕು. ಇಲ್ಲದಿದ್ದರೆ ನೀವು ನಿಂತಿರುವ ಫೋಲ್ಡರ್‌ನಲ್ಲೇ ಬರೆದು, ಒಳಗಿನ ಡಿಸ್ಕ್‌ನ ಲೆಕ್ಕ ಕೊಡುತ್ತದೆ. ಸೆಕೆಂಡಿಗೆ ಎಷ್ಟು ಸಲ 'ಬರೆದಾಯಿತು' ಎಂಬ ಉತ್ತರ ಬಂತು ಅಂತ ಅದು ತೋರಿಸುತ್ತದೆ. ಈಗ ಲೆಕ್ಕ ಹಾಕಿ. ನನ್ನ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ಒಂದರ ಹಿಂದೆ ಒಂದು ಬರೆಯುವಾಗ, ಪ್ರತಿ ಸಲವೂ ನಿಜವಾಗಿ ತಟ್ಟೆಯ ಮೇಲೆ ಬರೆದು ಉತ್ತರ ಕೊಡಬೇಕಾದರೆ, ಸುತ್ತಿಗಿಂತ ಜಾಸ್ತಿ ಸಲ ಆಗಲು ಸಾಧ್ಯವೇ ಇಲ್ಲ. ನಿಮಿಷಕ್ಕೆ 7200 ಸುತ್ತಿನ ಡಿಸ್ಕ್ ಆದರೆ ಮಿತಿ 120. ನನ್ನ ಡಿಸ್ಕ್‌ನಲ್ಲಿ ಬಂದ ಸಂಖ್ಯೆ 90ರ ಒಳಗೇ ಇತ್ತು. ಅಷ್ಟು ಕಡಿಮೆ ಸಂಖ್ಯೆ ನೋಡಿ ಖುಷಿಪಡುವುದು ವಿಚಿತ್ರ ಅನ್ನಿಸಬಹುದು. ನನಗೆ ಅದು ಸಮಾಧಾನ ತಂದಿತು. ಗೆಳೆಯರೊಬ್ಬರ ಹಳೆಯ ಡಿಸ್ಕ್ ಕೇಸ್‌ನಲ್ಲಿ ಇದೇ ಪರೀಕ್ಷೆ ಮಾಡಿದಾಗ ಸಂಖ್ಯೆ ಸಾವಿರ ದಾಟಿತು. ಒಳಗಿದ್ದದ್ದು ತಿರುಗುವ ಹಾರ್ಡ್ ಡಿಸ್ಕೇ. ಅಂದರೆ ಆ ಬ್ರಿಡ್ಜ್ ಚಿಪ್ಪೋ ಡಿಸ್ಕೋ ತನ್ನ ಕ್ಯಾಶ್‌ನಲ್ಲಿ (ತಾತ್ಕಾಲಿಕ ಮೆಮೊರಿ) ಇಟ್ಟುಕೊಂಡು 'ಬರೆದಾಯಿತು' ಎಂದು ಹೇಳುತ್ತಿದೆ. ಫೈಲ್ ನಕಲು ಮಾಡಲು ಅದು ಪರವಾಗಿಲ್ಲ. ಡೇಟಾಬೇಸ್‌ಗೆ ಅಂಥದ್ದನ್ನು ಎಷ್ಟು ಅಗ್ಗವಾಗಿ ಸಿಕ್ಕರೂ ನಾನು ಬಳಸುವುದಿಲ್ಲ. ಎಸ್‌ಎಸ್‌ಡಿಗೆ ಈ ಸುತ್ತಿನ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಸಂಖ್ಯೆ ಸಹಜವಾಗಿಯೇ ಜಾಸ್ತಿ ಇರುತ್ತದೆ.

ಕರೆಂಟ್ ವಿಷಯ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. 3.5 ಇಂಚಿನ ದೊಡ್ಡ ಡಿಸ್ಕ್‌ಗಳಿಗೆ ಗೋಡೆಯ ಪ್ಲಗ್‌ಗೆ ಹಾಕುವ 12 ವೋಲ್ಟ್ ಅಡಾಪ್ಟರ್ ಬೇಕು. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಆರಾಮಾಗಿ ನಡೆಯುತ್ತಿರುತ್ತದೆ, ಡಿಸ್ಕ್ ಮಾತ್ರ ನಡುವೆಯೇ ಸತ್ತಿರುತ್ತದೆ. 2.5 ಇಂಚಿನ ಡಿಸ್ಕ್ ಯುಎಸ್‌ಬಿಯಿಂದಲೇ ಕರೆಂಟ್ ಎಳೆದುಕೊಳ್ಳುತ್ತದೆ. ಅಲ್ಲಿಗೆ ಲ್ಯಾಪ್‌ಟಾಪ್‌ನ ಬ್ಯಾಟರಿಯೇ ಅದಕ್ಕೂ ಯುಪಿಎಸ್ ಆಯಿತು. ಯುಪಿಎಸ್ ಇಲ್ಲದ ಮನೆಯಲ್ಲಿ ಚಿಕ್ಕ ಡಿಸ್ಕೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಯುಎಸ್‌ಬಿ 3.0 ಪೋರ್ಟ್ 900 ಮಿಲಿಆಂಪ್ ಕೊಡುತ್ತದೆ, ಯುಎಸ್‌ಬಿ 2.0 ಕೊಡುವುದು 500. ಹಾಗಾಗಿ ನೀಲಿ ಬಣ್ಣದ ಪೋರ್ಟ್‌ಗೇ ನೇರವಾಗಿ ಹಾಕುತ್ತೇನೆ. ಮೌಸ್, ಫೋನ್ ಚಾರ್ಜರ್ ಎಲ್ಲ ನೇತಾಡುವ ಹಬ್‌ಗೆ ಹಾಕುವುದಿಲ್ಲ.

ಕೇಬಲ್ ಅಂತೂ ಎಲ್ಲಕ್ಕಿಂತ ದುರ್ಬಲ ಕೊಂಡಿ. ಪೋರ್ಟಬಲ್ ಡಿಸ್ಕ್‌ಗಳ ಆ ಅಗಲವಾದ ಮೈಕ್ರೋ-ಬಿ ಪಿನ್ ನೋಡಿದ್ದೀರಲ್ಲ? ಎರಡು ತುಂಡು ಅಂಟಿಸಿದಂತೆ ಇರುತ್ತದೆ. ವರ್ಷ ಕಳೆದಂತೆ ಸಡಿಲವಾಗುತ್ತದೆ. ಒಮ್ಮೆ ದೊಡ್ಡ ಅಪ್‌ಡೇಟ್ ನಡೆಯುತ್ತಿದ್ದಾಗ ಲ್ಯಾಪ್‌ಟಾಪ್ ಸ್ವಲ್ಪ ಅಲುಗಿತು, ಡಿಸ್ಕ್‌ನ ದೀಪ ಆರಿ ಮತ್ತೆ ಹೊತ್ತಿತು. ಅಷ್ಟೇ ಸಾಕಾಯಿತು. ಡಿಸ್ಕ್ ಹೊಸ ಹೆಸರಿನಲ್ಲಿ ಮರಳಿ ಬಂತು, ಹಳೆಯ ಮೌಂಟ್ ಸತ್ತು ಬಿದ್ದಿತ್ತು. ಪೋಸ್ಟ್‌ಗ್ರೆಸ್‌ನ ಲಾಗ್‌ನಲ್ಲಿ 'ಪ್ಯಾನಿಕ್' ಎಂಬ ಸಾಲು.

ಆ ಸಾಲು ನೋಡಿ ಹೆದರಬೇಕಿಲ್ಲ, ಅದರ ಹಿಂದೆ ಒಳ್ಳೆಯ ಕಾರಣ ಇದೆ. ಡಿಸ್ಕ್‌ಗೆ ಬರೆಯುವುದು ವಿಫಲವಾದರೆ ಲಿನಕ್ಸ್ ಒಂದು ಸಲ ಮಾತ್ರ ದೋಷ ಹೇಳಿ, ಬರೆಯಬೇಕಿದ್ದ ಡೇಟಾದ ಪುಟಗಳನ್ನು 'ಬರೆದಾಗಿದೆ' ಎಂಬ ಲೆಕ್ಕಕ್ಕೆ ಸೇರಿಸಿಬಿಡಬಹುದು. ಮತ್ತೆ ಕೇಳಿದರೆ 'ಎಲ್ಲ ಸರಿಯಿದೆ' ಎನ್ನುತ್ತದೆ. ಪೋಸ್ಟ್‌ಗ್ರೆಸ್ ಬಹಳ ವರ್ಷ ಹಾಗೆ ಮತ್ತೆ ಕೇಳಿ ಸಮಾಧಾನ ಪಡುತ್ತಿತ್ತು. 2018ರಲ್ಲಿ ಇದು ಬೆಳಕಿಗೆ ಬಂದು ಡೇಟಾಬೇಸ್ ಬರೆಯುವವರೆಲ್ಲ ಬೆಚ್ಚಿದರು. 2019ರ ಫೆಬ್ರುವರಿಯ ಬಿಡುಗಡೆಗಳಿಂದ ಪೋಸ್ಟ್‌ಗ್ರೆಸ್ ನಿಯಮ ಬದಲಿಸಿತು. ಎಫ್‌ಸಿಂಕ್ ಒಮ್ಮೆ ಸೋತರೆ ಮತ್ತೆ ಕೇಳುವುದಿಲ್ಲ, ತಕ್ಷಣ ಬಿದ್ದು, ಪ್ರತಿ ಬದಲಾವಣೆಯನ್ನೂ ಮೊದಲೇ ಬರೆದಿಡುವ ವಾಲ್ ಎಂಬ ಲಾಗ್‌ನಿಂದ ಎಲ್ಲವನ್ನೂ ಮರಳಿ ಬರೆಯುತ್ತದೆ. ನಾನು ಮಾಡಿದ್ದು ಇಷ್ಟು: ಸರ್ವರ್ ಪೂರ್ತಿ ನಿಲ್ಲಿಸಿ, ಸತ್ತ ಮೌಂಟ್ ಬಿಡಿಸಿ, ಫೈಲ್ ಸಿಸ್ಟಮ್‌ನ ದೋಷ ಹುಡುಕಿ ಸರಿಪಡಿಸುವ ಎಫ್‌ಎಸ್‌ಸಿಕೆ ಓಡಿಸಿ, ಮತ್ತೆ ಮೌಂಟ್ ಮಾಡಿ ಸರ್ವರ್ ಎಬ್ಬಿಸಿದೆ. ಲಾಗ್‌ನಲ್ಲಿ ರಿಡೂ (ವಾಲ್‌ನಿಂದ ಮರಳಿ ಬರೆಯುವುದು) ಶುರುವಾಯಿತು, ಮುಗಿಯಿತು, ಟೇಬಲ್‌ಗಳು ಹಾಗೇ ಇದ್ದವು. ಕಮಿಟ್ ಆಗದ ಆ ಅಪ್‌ಡೇಟ್ ಮಾತ್ರ ಮತ್ತೆ ಓಡಿಸಬೇಕಾಯಿತು. ಡಿಸ್ಕ್ ನಿಜ ಹೇಳುವಂಥದ್ದು ಆದ್ದರಿಂದಲೇ ಇದು ಸಾಧ್ಯವಾಯಿತು. ಹೊಸ ಗಿಡ್ಡ ಕೇಬಲ್ ತಂದು, ಡಿಸ್ಕನ್ನು ಲ್ಯಾಪ್‌ಟಾಪ್ ಸ್ಟ್ಯಾಂಡ್‌ಗೇ ವೆಲ್ಕ್ರೋ ಪಟ್ಟಿಯಿಂದ ಕಟ್ಟಿದೆ. ಎರಡೂ ಒಟ್ಟಿಗೇ ಅಲುಗುತ್ತವೆ.

ಇದರ ಜೊತೆ, ಡಿಸ್ಕ್‌ನಲ್ಲಿ ಡೇಟಾ ಕೆಟ್ಟಿದ್ದರೆ ಓದುವಾಗ ಹಿಡಿದುಕೊಡುವ ಡೇಟಾ ಚೆಕ್‌ಸಮ್ ಕೂಡ ಹಾಕಿಕೊಂಡಿದ್ದೇನೆ. ಪೋಸ್ಟ್‌ಗ್ರೆಸ್ 18ರಿಂದ ಅದು ತಾನಾಗಿಯೇ ಬರುತ್ತದೆ. ಹಳೆಯ ಆವೃತ್ತಿಯಾದರೆ ಕ್ಲಸ್ಟರ್ ಮಾಡುವಾಗಲೇ ಕೇಳಿ ಪಡೆಯಬೇಕು, ಅಥವಾ ಸರ್ವರ್ ನಿಲ್ಲಿಸಿ 'ಪಿಜಿ_ಚೆಕ್‌ಸಮ್ಸ್'ನಿಂದ ಆಮೇಲೆ ಸೇರಿಸಬೇಕು.

ವೇಗದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಸಲ ಡೇಟಾ ತುಂಬುವುದು ರಾತ್ರಿ ಹಚ್ಚಿ ಬಿಟ್ಟು ಮಲಗುವ ಕೆಲಸ. ಆಗ ಮಾತ್ರ, ಕೆಟ್ಟರೆ ಮೊದಲಿಂದ ತುಂಬಿದರಾಯಿತು ಎಂಬ ಲೆಕ್ಕದಲ್ಲಿ, ಎಫ್‌ಸಿಂಕ್ ಆಫ್ ಮಾಡುವವರಿದ್ದಾರೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಜಾಗಗಳನ್ನು ಹುಡುಕಿಕೊಡುವ ನಾಮಿನಾಟಿಮ್ ಎಂಬ ಸಾಫ್ಟ್‌ವೇರ್‌ನ ಕೈಪಿಡಿಯೂ ಮೊದಲ ಇಂಪೋರ್ಟ್‌ಗೆ ಹಾಗೆ ಹೇಳಿ, ಮುಗಿದ ಮೇಲೆ ಮರೆಯದೆ ಆನ್ ಮಾಡಿ ಎಂದು ಎಚ್ಚರಿಸುತ್ತದೆ. ನಾನು ಅದನ್ನು ಮುಟ್ಟುವುದಿಲ್ಲ. ಬದಲಿಗೆ 'ಸಿಂಕ್ರೊನಸ್ ಕಮಿಟ್' (ಪ್ರತಿ ಕಮಿಟ್‌ಗೂ ಡಿಸ್ಕ್‌ನ ಉತ್ತರಕ್ಕೆ ಕಾಯುವುದು) ಆಫ್ ಮಾಡುತ್ತೇನೆ. ಕರೆಂಟ್ ಹೋದರೆ ಕೊನೆಯ ಒಂದು ಕ್ಷಣದ ಕಮಿಟ್‌ಗಳು ಹೋಗಬಹುದು, ಆದರೆ ಡೇಟಾಬೇಸ್ ಕೆಡುವುದಿಲ್ಲ. ಮ್ಯಾಕ್ಸ್ ವಾಲ್ ಗಾತ್ರವನ್ನು ಮೂಲ 1 ಜಿಬಿಯಿಂದ ಏರಿಸಿದ್ದೇನೆ, ಬದಲಾವಣೆಗಳನ್ನೆಲ್ಲ ಡೇಟಾ ಫೈಲ್‌ಗಳಿಗೆ ಇಳಿಸುವ ಚೆಕ್‌ಪಾಯಿಂಟ್ ಪದೇ ಪದೇ ಬರುವುದು ತಪ್ಪುತ್ತದೆ. ಎಸ್‌ಎಸ್‌ಡಿಗೆಂದು ಹೇಳುವ ರ‍್ಯಾಂಡಮ್ ಪೇಜ್ ಕಾಸ್ಟ್ (ಅಲ್ಲಲ್ಲಿಂದ ಓದುವುದು ಎಷ್ಟು ದುಬಾರಿ ಎಂಬ ಅಂದಾಜು) 1.1 ಎಂಬ ಸಲಹೆ ತಿರುಗುವ ಡಿಸ್ಕ್‌ಗೆ ಸಲ್ಲದು, ಇಲ್ಲಿ ಮೂಲದ 4 ಹಾಗೇ ಇರಲಿ. ಹೊಸದಾಗಿ ಕೊಳ್ಳುವವರು ಎಸ್‌ಎಸ್‌ಡಿಯನ್ನೇ ಕೊಳ್ಳಿ. ಈಗಿನ ಪೋರ್ಟಬಲ್ ಹಾರ್ಡ್ ಡಿಸ್ಕ್‌ಗಳಲ್ಲಿ ಬಹಳಷ್ಟು ಎಸ್‌ಎಂಆರ್ ಬಗೆಯವು. ತಟ್ಟೆಯ ಮೇಲಿನ ಡೇಟಾ ಪಟ್ಟಿಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವುದರಿಂದ, ಅಲ್ಲಲ್ಲಿ ಚದುರಿದಂತೆ ಬರೆಯುವ ಡೇಟಾಬೇಸ್ ಕೆಲಸಕ್ಕೆ ಅವು ತೆವಳುತ್ತವೆ.

ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಒಯ್ಯುವುದು ಸುಲಭ ಅನ್ನಿಸುತ್ತದೆ, ಚುಚ್ಚಿದರೆ ಆಯಿತಲ್ಲ. ಅಷ್ಟು ಸುಲಭ ಅಲ್ಲ. ಪೋಸ್ಟ್‌ಗ್ರೆಸ್ 16ರಲ್ಲಿ ಮಾಡಿದ ಫೋಲ್ಡರ್ 17ರಲ್ಲಿ ಏಳುವುದಿಲ್ಲ, ಅದೇ ಮುಖ್ಯ ಆವೃತ್ತಿ ಬೇಕು. ಅಲ್ಲಿ ಪೋಸ್ಟ್‌ಗ್ರೆಸ್ ಬಳಕೆದಾರನ ಗುರುತಿನ ಅಂಕಿ ಬೇರೆಯಿದ್ದರೆ ಒಡೆತನ ಮತ್ತೆ ಕೊಡಬೇಕು. ಇವೆರಡು ಕೂಡಲೇ ಗೊತ್ತಾಗುವ ತೊಂದರೆಗಳು. ಗೊತ್ತಾಗದ್ದು ಅಕ್ಷರಗಳ ಅನುಕ್ರಮ. ಹೆಸರುಗಳ ಮೇಲಿನ ಇಂಡೆಕ್ಸ್, ಆ ಕಂಪ್ಯೂಟರ್‌ನಲ್ಲಿರುವ ಜಿಲಿಬ್‌ಸಿ ಎಂಬ ಲಿನಕ್ಸ್‌ನ ಮೂಲ ಲೈಬ್ರರಿ ಹೇಳುವ ಅನುಕ್ರಮದಲ್ಲಿ ಕಟ್ಟಿರುತ್ತದೆ. 2018ರ ಜಿಲಿಬ್‌ಸಿ 2.28ರಲ್ಲಿ ಆ ಅನುಕ್ರಮ ದೊಡ್ಡದಾಗಿ ಬದಲಾಯಿತು. ಉಬುಂಟು 18.04ರಲ್ಲಿ ಇದ್ದದ್ದು 2.27, 20.04ರಲ್ಲಿ 2.31. ಹೀಗೆ ಗಡಿ ದಾಟಿದ ಡಿಸ್ಕ್‌ನಲ್ಲಿ ಊರಿನ ಹೆಸರು ಟೇಬಲ್‌ನಲ್ಲಿ ಇದ್ದರೂ ಇಂಡೆಕ್ಸ್ ಮೂಲಕ ಹುಡುಕಿದಾಗ ಸಿಗದೇ ಹೋಗಬಹುದು, ದೋಷದ ಸಂದೇಶವೂ ಬರದೆ. ಪೋಸ್ಟ್‌ಗ್ರೆಸ್ 15ರಿಂದ ಡೇಟಾಬೇಸ್ ತೆರೆಯುವಾಗ 'ಆವೃತ್ತಿ ಹೊಂದುತ್ತಿಲ್ಲ' ಅಂತ ಎಚ್ಚರಿಕೆ ಬರುತ್ತದೆ. ಬಂದರೆ ರೀಇಂಡೆಕ್ಸ್ ಮಾಡಿಯೇ, ಅಂದರೆ ಇಂಡೆಕ್ಸ್ ಹೊಸದಾಗಿ ಕಟ್ಟಿಯೇ, ಮುಂದುವರಿಯಬೇಕು.

ಡಿಸ್ಕ್ ತೆಗೆಯುವಾಗ ಮೊದಲು ಸರ್ವರ್ ನಿಲ್ಲಿಸುತ್ತೇನೆ, ಆಮೇಲೆ ಅನ್‌ಮೌಂಟ್, ಆಮೇಲೆ ಯುಡಿಸ್ಕ್ಸ್ ಎಂಬ ಸಾಧನದಿಂದ ಪವರ್ ಆಫ್. ತಟ್ಟೆ ತಿರುಗುವ ಸದ್ದು ನಿಂತ ಮೇಲೆ ಕೇಬಲ್ ಕೀಳುವುದು. ಇದಕ್ಕೆಲ್ಲ ಒಂದು ಪುಟ್ಟ ಸ್ಕ್ರಿಪ್ಟ್ ಮಾಡಿಟ್ಟಿದ್ದೇನೆ. ಅದೇ ಸ್ಕ್ರಿಪ್ಟ್ ಸರ್ವರ್ ನಿಲ್ಲಿಸುವ ಮೊದಲು ಪಿಜಿ_ಡಂಪ್‌ನಿಂದ ಬ್ಯಾಕಪ್ ಪ್ರತಿ ಕೂಡ ತೆಗೆಯುತ್ತದೆ, ಆದರೆ ಎಲ್ಲದರದ್ದೂ ಅಲ್ಲ. ನಕ್ಷೆಯ ಡೇಟಾ ಯಾವಾಗ ಬೇಕಾದರೂ ಮತ್ತೆ ಇಳಿಸಿಕೊಳ್ಳಬಹುದು. ಯಾವ ಹಳ್ಳಿಯ ಹೆಸರನ್ನು ಅಲ್ಲಿಯವರನ್ನೇ ಕೇಳಿ ಖಚಿತ ಮಾಡಿಕೊಂಡೆ, ಯಾವುದು ಇನ್ನೂ ಅನುಮಾನ ಎಂದು ನಾನೇ ಬರೆದುಕೊಂಡ ಟೇಬಲ್‌ಗಳಿವೆಯಲ್ಲ, ಅವು ಬೇರೆಲ್ಲೂ ಇಲ್ಲ. ಆ ಟೇಬಲ್‌ಗಳ ಡಂಪ್ ಕೆಲವೇ ಎಂಬಿ. ಅದು ಲ್ಯಾಪ್‌ಟಾಪ್‌ನ ಒಳಗಿನ ಡಿಸ್ಕ್‌ಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದು ಪ್ರತಿ ಫೋನ್‌ಗೆ. ಆಗಾಗ ಅದನ್ನು ಒಂದು ಖಾಲಿ ಡೇಟಾಬೇಸ್‌ಗೆ ತುಂಬಿ, ಸಾಲುಗಳ ಲೆಕ್ಕ ತಾಳೆಯಾಗುತ್ತದೆಯಾ ಅಂತ ನೋಡಿಕೊಳ್ಳುತ್ತೇನೆ.