‘ನಾನೇನು ಪಾಪ ಮಾಡಿದ್ದೆ ಸಿಸ್ಟರ್?’: ವಾರ್ಡಿನಲ್ಲಿ ಆಧ್ಯಾತ್ಮಿಕ ಸಂಕಟವನ್ನು ಗುರುತಿಸಿ ನೋಡಿಕೊಳ್ಳುವ ಬಗೆ

ಕೇಸ್‌ಶೀಟ್‌ನಲ್ಲಿ ‘ಧರ್ಮ: ಹಿಂದೂ’ ಎಂದು ತುಂಬಿದರೆ ರೋಗಿಯ ಜಾತಕ ಸಿಗಬಹುದು, ಮನಸ್ಸು ಸಿಗುವುದಿಲ್ಲ. ದಿನಾ ಪೂಜೆ ಮಾಡುತ್ತಿದ್ದವರು ದೇವರ ಫೋಟೊವನ್ನು ಗೋಡೆಗೆ ಮುಖಮಾಡಿ ಇಟ್ಟಿದ್ದಾರೆ, ಮನೆಯವರು ತಂದ ಪ್ರಸಾದವನ್ನು ಮುಟ್ಟುತ್ತಿಲ್ಲ, ‘ಕರ್ಮ ಅನುಭವಿಸಿಯೇ ತೀರಬೇಕು’ ಎಂದು ನೋವಿನ ಮಾತ್ರೆ ಬೇಡವೆನ್ನುತ್ತಿದ್ದಾರೆ, ರಾತ್ರಿ ಇಡೀ ಬೆಲ್ ಒತ್ತುತ್ತಾರೆ, ಹೋಗಿ ಕೇಳಿದರೆ ‘ಏನಿಲ್ಲ’ ಎನ್ನುತ್ತಾರೆ. ಇವೆಲ್ಲ ಆಧ್ಯಾತ್ಮಿಕ ಸಂಕಟದ ಗುರುತುಗಳು. ದೇವರನ್ನು ನಂಬದವರಿಗೂ ಇದು ತಪ್ಪಿದ್ದಲ್ಲ. ‘ಇಷ್ಟು ವರ್ಷ ಬದುಕಿ ಏನು ಸಾಧಿಸಿದೆ?’ ಎಂಬುದೂ ಅದೇ ನೋವು. ನರ್ಸುಗಳು ಗುರುತಿಸಬೇಕಾದ ತೊಂದರೆಗಳನ್ನು ಪಟ್ಟಿ ಮಾಡುವ ನ್ಯಾಂಡಾ ಎಂಬ ಸಂಸ್ಥೆಯ ನರ್ಸಿಂಗ್ ಡಯಾಗ್ನೋಸಿಸ್ ಪಟ್ಟಿಯಲ್ಲಿ ಆಧ್ಯಾತ್ಮಿಕ ಸಂಕಟಕ್ಕೆ 1978ರಲ್ಲೇ ಜಾಗ ಸಿಕ್ಕಿತ್ತು. ಹಾಗಾಗಿ ಜ್ವರ, ಬಿ.ಪಿ.ಯಂತೆಯೇ ಇದನ್ನೂ ಕೇಳಿ, ಬರೆದು, ಮುಂದಿನ ಡ್ಯೂಟಿಗೆ ಒಪ್ಪಿಸಬೇಕು.

ಮೊದಲು ಮೈನೋವು ಇಳಿಸಿ. ಹತ್ತಕ್ಕೆ ಎಂಟು ನೋವಿರುವವರ ಹತ್ತಿರ ನೆಮ್ಮದಿಯ ಮಾತು ಎತ್ತುವುದು ಕ್ರೌರ್ಯ. ಬೇಗ ಕೆಲಸ ಮಾಡುವ ಮಾರ್ಫಿನ್ ಮಾತ್ರೆ ಕೊಟ್ಟಿದ್ದರೆ ಅರ್ಧದಿಂದ ಒಂದು ಗಂಟೆ ಬಿಟ್ಟು ಹೋಗಿ. ಡೋಸ್ ಸರಿಯಿದ್ದೂ ನೋವು ಇಳಿಯದಿದ್ದರೆ ಡೋಸ್ ಜೊತೆಗೆ ಮನಸ್ಸನ್ನೂ ನೋಡಿ. ಲಂಡನ್ನಿನಲ್ಲಿ 1967ರಲ್ಲಿ ಸಾವಿನಂಚಿನ ರೋಗಿಗಳನ್ನು ನೋಡಿಕೊಳ್ಳುವ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಕಟ್ಟಿದ, ಸ್ವತಃ ನರ್ಸ್ ಆಗಿದ್ದ ಸಿಸಿಲಿ ಸಾಂಡರ್ಸ್ ‘ಸಮಗ್ರ ನೋವು’ ಎಂದದ್ದು ಇದನ್ನೇ: ದೇಹ, ಮನಸ್ಸು, ಮನೆಮಂದಿ, ಆತ್ಮ ನಾಲ್ಕೂ ಒಟ್ಟಿಗೆ ನೋಯುತ್ತವೆ. ಆದರೆ ನಿನ್ನೆ ಸರಿಯಿದ್ದವರು ಇವತ್ತು ದಿಢೀರನೆ ‘ಯಮ ಬಾಗಿಲಲ್ಲಿ ನಿಂತಿದ್ದಾನೆ’ ಎನ್ನುತ್ತಾ, ಗಳಿಗೆಗೊಂದು ಥರ ಮಾತಾಡುತ್ತಿದ್ದರೆ ಅದು ಡೆಲಿರಿಯಂ (ಕಾಯಿಲೆಯಿಂದ ದಿಢೀರನೆ ಆಗುವ ಬುದ್ಧಿಯ ಗೊಂದಲ) ಇರಬಹುದು. ಆಗ ಸೋಂಕು, ಸೋಡಿಯಂ, ಸಕ್ಕರೆ, ಮೂತ್ರ ಕಟ್ಟಿರುವುದು ಇವನ್ನು ನೋಡಬೇಕು. ಡಾಕ್ಟರಿಗೆ ಆಗಲೇ ಹೇಳಿ.

ಮಾತಿಗೆ ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷ ಪೂರ್ತಿ ಅವರದಾಗಿರಬೇಕು. ಬೆಳಗಿನ ರೌಂಡ್ಸ್ ಹೊತ್ತಿನಲ್ಲಿ ಬೇಡ, ಡ್ರೆಸ್ಸಿಂಗ್ ಮಾಡುತ್ತಾ ಬೇಡ. ಸ್ಕ್ರೀನ್ ಎಳೆದು, ಸ್ಟೂಲ್ ಹಾಕಿಕೊಂಡು, ಅವರ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ಜೊತೆಗಿರುವವರನ್ನು ಕಾಫಿಗೆ ಕಳಿಸಿ. ಮಗನ ಎದುರು ತಾಯಿ ತನ್ನ ಭಯ ಹೇಳಿಕೊಳ್ಳುವುದು ಅಪರೂಪ.

ಅಮೆರಿಕದ ವೈದ್ಯೆ ಕ್ರಿಸ್ಟಿನಾ ಪುಚಾಲ್ಸ್ಕಿ ರೂಪಿಸಿದ ಫೈಕಾ ಎಂಬ ಪ್ರಶ್ನಾವಳಿ ನಮ್ಮ ಕಾಲೇಜುಗಳಲ್ಲೂ ಪರಿಚಿತ: ನಂಬಿಕೆ ಏನು, ಅದಕ್ಕೆ ಬದುಕಿನಲ್ಲಿ ಎಷ್ಟು ಮಹತ್ವ, ಜೊತೆಗೆ ಯಾರಿದ್ದಾರೆ, ಚಿಕಿತ್ಸೆಯಲ್ಲಿ ಅದನ್ನು ಹೇಗೆ ನಡೆಸಿಕೊಡಬೇಕು. ಅದನ್ನು ಇದ್ದಂತೆ ಅನುವಾದಿಸಿ ‘ನಿಮಗೆ ಆಧ್ಯಾತ್ಮಿಕ ನಂಬಿಕೆಗಳಿವೆಯೇ?’ ಎಂದರೆ ಅಜ್ಜಿ ನಿಮ್ಮ ಮುಖ ನೋಡುತ್ತಾರೆ. ಹೀಗೆ ಕೇಳಿ: ‘ಕಷ್ಟ ಬಂದಾಗ ಯಾರನ್ನ ನೆನೀತೀರ ಅಜ್ಜಿ?’ ‘ಕಾಯಿಲೆ ಬಂದ ಮೇಲೆ ಅದೇನಾದ್ರೂ ಬದಲಾಗಿದೆಯಾ?’ ‘ಮನಸ್ಸು ಬಿಚ್ಚಿ ಮಾತಾಡೋಕೆ ಯಾರಿದ್ದಾರೆ?’ ‘ಇಲ್ಲಿ ನಾವೇನು ಮಾಡಿದ್ರೆ ಸಮಾಧಾನ ಆಗುತ್ತೆ?’ ಒಂದೇ ಪ್ರಶ್ನೆಗೆ ಹೊತ್ತಿದ್ದರೆ, ‘ಮನಸ್ಸಿಗೆ ನೆಮ್ಮದಿ ಇದೆಯಾ?’ ಎಂಬುದು ಸಾಕು.

ಹೆಚ್ಚು ಎಡವುವುದು ಶೀರ್ಷಿಕೆಯಲ್ಲಿರುವ ಪ್ರಶ್ನೆಯ ಮುಂದೆ. ‘ಹಾಗೆಲ್ಲ ಅನ್ಬಾರ್ದು, ದೇವರಿದ್ದಾನೆ, ಎಲ್ಲ ಸರಿಹೋಗುತ್ತೆ’ ಎಂದು ನಾವು ತಕ್ಷಣ ಹೇಳಿಬಿಡುತ್ತೇವೆ. ಪ್ರೀತಿಯಿಂದಲೇ ಹೇಳಿದ ಆ ಮಾತು ಬಾಗಿಲು ಮುಚ್ಚುತ್ತದೆ; ಅವರು ಮತ್ತೆ ಬಾಯಿ ಬಿಡುವುದಿಲ್ಲ. ‘ಹಿಂದಿನ ಜನ್ಮದ್ದು’ ಎನ್ನುವುದಂತೂ ಗಾಯಕ್ಕೆ ಉಪ್ಪು. ಪ್ರಶ್ನೆ ಬಂದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆಮೇಲೆ ‘ಪಾಪ ಅಂದ್ರಲ್ಲ, ಏನಾದ್ರೂ ಮನಸ್ಸಿಗೆ ಬರ್ತಿದೆಯಾ?’ ಎಂದಷ್ಟೇ ಕೇಳಿ. ಕೆಲವರಿಗೆ ಅತ್ತರೆ ಸಾಕಾಗುತ್ತದೆ. ಕೆಲವರ ಒಳಗೆ ಮಾಡಿ ಮುಗಿಸಬಹುದಾದ ಕೆಲಸವೇ ಇರುತ್ತದೆ: ಮಾತು ಬಿಟ್ಟ ತಮ್ಮ, ತೀರದ ಸಾಲ, ಧರ್ಮಸ್ಥಳಕ್ಕೋ ತಿರುಪತಿಗೋ ಹೊತ್ತ ಹರಕೆ. ಹರಕೆಗೆ ರೋಗಿಯೇ ಹೋಗಬೇಕಿಲ್ಲ. ಮನೆಯವರು ಹಳದಿ ಬಟ್ಟೆ ಮತ್ತು ನಾಣ್ಯ ತಂದರೆ, ರೋಗಿಯ ಕೈಯಿಂದಲೇ ಮುಟ್ಟಿಸಿ ಮುಡಿಪು ಕಟ್ಟಿ ತೆಗೆದಿಡಬಹುದು. ಎರಡು ನಿಮಿಷದ ಕೆಲಸ. ನಿದ್ದೆಯ ಮಾತ್ರೆ ಕೊಡದ ನಿದ್ದೆಯನ್ನು ಇದು ಕೊಡಬಲ್ಲದು. ತಮ್ಮನಿಗೆ ಫೋನ್ ಮಾಡಿಸುವುದಾದರೆ ರೋಗಿಯ ಒಪ್ಪಿಗೆ ಪಡೆದೇ ಮಾಡಿಸಿ.

ಆಪರೇಷನ್ನಿನ ಬೆಳಿಗ್ಗೆ ಏಳುವ ಗಲಾಟೆಗಳನ್ನು ಹಿಂದಿನ ಸಂಜೆಯೇ ತಪ್ಪಿಸಬಹುದು. ಲಿಂಗಾಯತರಿಗೆ ಇಷ್ಟಲಿಂಗ ಮೈಯಿಂದ ಅಗಲಬಾರದ್ದು. ಅದನ್ನು ‘ಒಡವೆ ಬಿಚ್ಚಿಡಿ’ ಎಂಬ ಲೆಕ್ಕಕ್ಕೆ ಸೇರಿಸಬೇಡಿ, ಕೇಳದೆ ಮುಟ್ಟಬೇಡಿ. ಬೆಳ್ಳಿ ಕರಡಿಗೆ ಬಿಟ್ಟು ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಜೊತೆಗಿಡಬಹುದೇ ಎಂದು ಒ.ಟಿ. ಸಿಸ್ಟರ್ ಮತ್ತು ಅರಿವಳಿಕೆ ವೈದ್ಯರನ್ನು ಮೊದಲೇ ಕೇಳಿ. ತೆಗೆಯಲೇಬೇಕಾದರೆ ರೋಗಿಯೇ ತೆಗೆದು ಮನೆಯವರ ಕೈಗೆ ಕೊಡಲಿ. ಕೊಟ್ಟ ಹೊತ್ತು, ತೆಗೆದುಕೊಂಡವರ ಹೆಸರು ಬರೆಯಿರಿ. ಎಚ್ಚರವಾದ ಕೂಡಲೇ ಮರಳಿ ಕೊಡಿಸಿ. ತಾಳಿಯ ವಿಷಯದಲ್ಲಿ ಭಯ ‘ಬಿಚ್ಚಿದರೆ ಗಂಡನಿಗೆ ಕೆಡುಕು’ ಎಂಬುದು. ಡಯಾಥರ್ಮಿಯಿಂದ (ಆಪರೇಷನ್ನಿನಲ್ಲಿ ಬಳಸುವ ವಿದ್ಯುತ್ ಉಪಕರಣ) ಲೋಹ ತಗುಲಿದ ಕಡೆ ಸುಡುವ ಅಪಾಯವಿದೆ ಎಂದು ತಿಳಿಸಿ, ಅರಿಸಿನದ ದಾರಕ್ಕೆ ಅರಿಸಿನ ಕೊಂಬು ಕಟ್ಟಿಕೊಂಡ ಮೇಲೆ ತಾಳಿ ತೆಗೆಯಲು ಬಿಡಿ. ಸಾಮಾನ್ಯವಾಗಿ ಒಪ್ಪುತ್ತಾರೆ.

ನುಂಗಲಾಗದವರಿಗೆ ಚಮಚದಲ್ಲಿ ತೀರ್ಥ ಹಾಕಿದರೆ ಶ್ವಾಸಕೋಶಕ್ಕೆ ಇಳಿಯಬಹುದು. ‘ಹಾಕಬೇಡಿ’ ಎಂದು ತಡೆಯುವ ಬದಲು ಹತ್ತಿಯನ್ನು ಅದ್ದಿ, ಹಿಂಡಿ, ತುಟಿಗೆ ಸವರಲು ಮನೆಯವರ ಕೈಗೇ ಕೊಡಿ. ಆಮ್ಲಜನಕ ಹಚ್ಚಿರುವ ಕಡೆ ದೀಪ, ಊದುಬತ್ತಿ ಬೇಡವೇ ಬೇಡ. ಬ್ಯಾಟರಿ ದೀಪ ಇರಲಿ. ನಮಾಜಿಗೆ ಮುಖಮಾಡುವ ದಿಕ್ಕು, ಕಿಬ್ಲಾ, ನಮ್ಮ ರಾಜ್ಯದಿಂದ ಪಶ್ಚಿಮಕ್ಕೆ, ಸ್ವಲ್ಪ ವಾಯವ್ಯದ ಕಡೆಗೆ. ಹಾಸಿಗೆ ತಿರುಗಿಸಲು ಆಗುವುದೇ ನೋಡಿ. ರಂಜಾನಿನಲ್ಲಿ ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದ್ದರೂ ಬಿಟ್ಟ ಅಳುಕು ಉಳಿಯುತ್ತದೆ. ವಿನಾಯಿತಿ ಇದೆ ಎಂಬ ಮಾತು ನಿಮ್ಮಿಂದ ಬರುವುದಕ್ಕಿಂತ ಇಮಾಮರಿಂದ ಬಂದರೆ ಚೆನ್ನ. ಕ್ಯಾಥೊಲಿಕ್ ರೋಗಿಗೆ ಎಣ್ಣೆ ಹಚ್ಚುವ ಸಂಸ್ಕಾರ ಬೇಕಿದ್ದರೆ ಪ್ರಜ್ಞೆ ಇರುವಾಗಲೇ ಪಾದ್ರಿಗಳನ್ನು ಕರೆಸಿ. ಯಾರನ್ನು ಕರೆಸಬೇಕೆಂದು ರೋಗಿಯನ್ನೇ ಕೇಳಿ, ಮನೆಯವರನ್ನಲ್ಲ.

ನಿಮ್ಮ ನಂಬಿಕೆ ನಿಮ್ಮ ಬಳಿಯೇ ಇರಲಿ. ನಿಮ್ಮ ಗುರುಗಳ ಫೋಟೊ, ಪ್ರಾರ್ಥನೆಯ ಪುಸ್ತಕ ದಿಂಬಿನಡಿ ಇಟ್ಟು ಬರಬೇಡಿ. ಹಾಸಿಗೆ ಹಿಡಿದವರಿಗೆ ಬೇಡ ಎನ್ನುವ ಧೈರ್ಯ ಇರುವುದಿಲ್ಲ. ಅವರೇ ‘ನನ್ನ ಜೊತೆ ಪ್ರಾರ್ಥನೆ ಮಾಡಿ’ ಎಂದರೆ ಅವರ ಮಾತುಗಳಲ್ಲಿ ಅವರು ಮಾಡಲಿ, ನೀವು ಸುಮ್ಮನೆ ಪಕ್ಕದಲ್ಲಿ ನಿಲ್ಲಿ.

‘ಸಾಯೋದೇ ಮೇಲು’ ಎಂದರೆ ಬಳಸಿ ಮಾತಾಡಬೇಡಿ: ‘ಸಾಯಬೇಕು ಅಂತ ಏನಾದ್ರೂ ಮಾಡ್ಕೊಳ್ಳೋ ಯೋಚನೆ ಬಂದಿದೆಯಾ?’ ಎಂದು ನೇರ ಕೇಳಿ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಡಾಕ್ಟರಿಗೆ ತಿಳಿಸಿ. ಡಿಸ್ಚಾರ್ಜ್ ಆಗುವ ದಿನ ಮನೆಯವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಡಿ.

ಇನ್ನು ಬರೆಯುವುದು. ‘ರೋಗಿ ಬೇಸರದಲ್ಲಿದ್ದಾರೆ, ಧೈರ್ಯ ಹೇಳಲಾಯಿತು’ ಎಂಬ ಸಾಲು ಮುಂದಿನ ಡ್ಯೂಟಿಯವರಿಗೆ ಏನನ್ನೂ ತಿಳಿಸುವುದಿಲ್ಲ. ಹೀಗಿರಲಿ: ‘ಸಂಜೆ 6.30. ನೋವು 3/10. “ಹರಕೆ ತೀರಿಸದೆ ಹೋಗ್ತೀನಿ” ಎಂದು ಅತ್ತರು. ಅವರ ಒಪ್ಪಿಗೆಯಿಂದ ಮಗನಿಗೆ ತಿಳಿಸಿದೆ. ನಾಳೆ ಬೆಳಿಗ್ಗೆ ಮುಡಿಪು. ಮಧ್ಯಾಹ್ನ 2ಕ್ಕೆ ಮತ್ತೆ ಕೇಳಬೇಕು.’ ನಿಮ್ಮನ್ನು ನಂಬಿ ಹೇಳಿದ ಮನೆಯ ಗುಟ್ಟನ್ನು ಬರೆಯಬೇಡಿ, ‘ಕುಟುಂಬದ ವಿಷಯವೊಂದು ಹೇಳಿಕೊಂಡರು’ ಎಂದರೆ ಸಾಕು. ಮಧ್ಯಾಹ್ನ ನೀವು ಡ್ಯೂಟಿಯಲ್ಲಿ ಇರದಿದ್ದರೆ, ಕೇಳಬೇಕಾದವರ ಹೆಸರು ಹಿಡಿದು ಹ್ಯಾಂಡೋವರ್‌ನಲ್ಲಿ ಹೇಳಿ ಹೊರಡಿ.